ಕಾವೇರಿ ಎಂಜಿನ್ನಿನ ಬಗ್ಗೆ ಹಾಸನದ ಓದುಗರಿಗೆ

(ಹಾಸನದ ನಿವೃತ್ತ ಭೌತಶಾಸ್ತ್ರ ಅಧ್ಯಾಪಕರೊಬ್ಬರು ಬರೆದ ಪತ್ರದ ಸಾರ: “97 ತೇಜಸ್ ವಿಮಾನಗಳ ಖರೀದಿಯ ಬಗ್ಗೆ ಬರೆಯುತ್ತಾ ‘ಸಂಪೂರ್ಣ ಸ್ವದೇಶಿ ಯುದ್ಧವಿಮಾನ’ ಎಂದು ಶೀರ್ಷಿಕೆ ಕೊಟ್ಟಿದ್ದೀರಿ. ಎಂಜಿನ್ ಅಮೆರಿಕದ್ದು ಎಂಬ ಮಾತು ಲೇಖನದಲ್ಲಿ ಎಲ್ಲಿಯೂ ಇಲ್ಲ. ಚಂದ್ರನ ಮೇಲೆ ನೌಕೆ ಇಳಿಸಿದ ದೇಶಕ್ಕೆ ಒಂದು ಜೆಟ್ ಎಂಜಿನ್ ಮಾಡಲು ಏಕೆ ಆಗಲಿಲ್ಲ? ಕಾವೇರಿ ಎಂಜಿನ್ನಿಗೆ ಸುರಿದ ಹಣವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತೇ? ರಷ್ಯಾದ ಎಂಜಿನ್ನುಗಳನ್ನು ಇಲ್ಲಿಯೇ ತಯಾರಿಸುತ್ತಿದ್ದೇವಲ್ಲ, ಅದರಿಂದ ಕಲಿಯಲಿಲ್ಲವೇ? ಕೊನೆಗೊಂದು ಸ್ವಂತ ಪ್ರಶ್ನೆ: ದ್ವಿತೀಯ ಪಿಯುಸಿಯಲ್ಲಿರುವ ನನ್ನ ಮೊಮ್ಮಗಳು ಇಂತಹ ಎಂಜಿನ್ ಮಾಡುವ ಕೆಲಸಕ್ಕೆ ಸೇರಬೇಕು ಎನ್ನುತ್ತಾಳೆ. ಏನು ಓದಬೇಕು?”)

ಮಾನ್ಯರೆ,

ನಿಮ್ಮ ಮೊದಲ ಆಕ್ಷೇಪಕ್ಕೆ ನಮ್ಮಲ್ಲಿ ಸಮರ್ಥನೆ ಇಲ್ಲ. 2025ರ ಸೆಪ್ಟೆಂಬರ್ 25ರಂದು 62,370 ಕೋಟಿ ರೂಪಾಯಿಯ ಆ ಒಪ್ಪಂದಕ್ಕೆ ಸಹಿ ಬಿದ್ದಾಗ ರಕ್ಷಣಾ ಸಚಿವಾಲಯ ಹೇಳಿದ್ದು, ವಿಮಾನದಲ್ಲಿ ಶೇಕಡಾ 64ಕ್ಕೂ ಹೆಚ್ಚು ಸ್ವದೇಶಿ ಅಂಶ ಇರುತ್ತದೆ ಎಂದು. ಸರ್ಕಾರವೇ ಹೇಳಿಕೊಳ್ಳದ ಹಿರಿಮೆಯನ್ನು ನಾವು ಮುದ್ರಿಸಿದೆವು. ಆ ಶೀರ್ಷಿಕೆಯನ್ನು ಹಿಂತೆಗೆದುಕೊಳ್ಳುತ್ತೇವೆ. ಇನ್ನು ಮುಂದೆ ಈ ಪತ್ರಿಕೆಯಲ್ಲಿ ಯಾವ ವಿಮಾನದ ಬಗ್ಗೆ ಬರೆದರೂ ಅದರ ಎಂಜಿನ್ ಎಲ್ಲಿಯದು ಎಂಬುದು ಲೇಖನದಲ್ಲಿ ಇರುತ್ತದೆ.

ಇದು ಪದಗಳ ಮೇಲಿನ ತಕರಾರಷ್ಟೇ ಆಗಿದ್ದರೆ ಇಷ್ಟು ಉದ್ದದ ಉತ್ತರ ಬೇಕಿರಲಿಲ್ಲ. ಆ ಒಪ್ಪಂದದ ಮರುದಿನವೇ ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ವಿದಾಯ ಹೇಳಲಾಯಿತು. ಮಂಜೂರಾದ 42 ಸ್ಕ್ವಾಡ್ರನ್‌ಗಳ ಜಾಗದಲ್ಲಿ ವಾಯುಪಡೆಯ ಬಳಿ ಅಂದು ಉಳಿದದ್ದು 29. ಆ ಜಾಗ ತುಂಬಬೇಕಾದ ತೇಜಸ್ ಮಾರ್ಕ್-1ಎ ವಿಮಾನಗಳಲ್ಲಿ ಮೊದಲ 83ಕ್ಕೆ 2021ರ ಫೆಬ್ರವರಿಯಲ್ಲೇ ಒಪ್ಪಂದವಾಗಿತ್ತು. ಅವುಗಳಿಗೆ ಬೇಕಾದ 99 ಎಫ್-404 ಎಂಜಿನ್ನುಗಳಿಗೆ ಅದೇ ವರ್ಷದ ಆಗಸ್ಟ್‌ನಲ್ಲಿ ಜನರಲ್ ಎಲೆಕ್ಟ್ರಿಕ್‌ಗೆ ಬೇಡಿಕೆ ಹೋಯಿತು. ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಐದು ವರ್ಷ ನಿಂತುಹೋಗಿದ್ದ ತಯಾರಿಕಾ ಸಾಲನ್ನು ಮತ್ತೆ ಎಬ್ಬಿಸಬೇಕಾಯಿತು ಎಂದು ಕಂಪನಿಯೇ ಹೇಳಿದೆ. ತಡಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಸಾವಿರಾರು ಮೈಲು ದೂರದ ಒಂದು ಕಾರ್ಖಾನೆಯ ತೊಂದರೆಗೆ ನಮ್ಮ ಗಡಿಯ ಆಕಾಶ ಕಾಯಬೇಕಾಗಿ ಬಂತು ಎಂಬುದಂತೂ ನಿಜ.

ಈಗ ನಿಮ್ಮ ಚಂದ್ರನ ಪ್ರಶ್ನೆ. ಇದನ್ನು ಬಹಳ ಜನ ಕೇಳುತ್ತಾರೆ, ಕೇಳಬೇಕಾದದ್ದೇ. ರಾಕೆಟ್ಟಿನ ಎಂಜಿನ್ ಕೆಲವು ನಿಮಿಷ ಉರಿದು ತನ್ನ ಜನ್ಮದ ಕೆಲಸ ಮುಗಿಸುತ್ತದೆ. ಯುದ್ಧವಿಮಾನದ ಎಂಜಿನ್ ಸಾವಿರಾರು ಗಂಟೆ ಬಾಳಬೇಕು. ರಾಜಸ್ಥಾನದ ಬಿಸಿಲಿನಲ್ಲೂ ಲೇಹ್‌ನ ಚಳಿಯಲ್ಲೂ ಒಂದೇ ಸಲಕ್ಕೆ ಹೊತ್ತಿಕೊಳ್ಳಬೇಕು. ಚಾಲಕ ಒಂದೇ ಹಾರಾಟದಲ್ಲಿ ಹತ್ತಾರು ಬಾರಿ ವೇಗ ಏರಿಸಿ ಇಳಿಸಿದರೂ ಉಸಿರು ಕಟ್ಟಬಾರದು. ಆದರೂ ಇಸ್ರೋದ ಕಥೆಯಿಂದ ಕಲಿಯುವುದಿದೆ. ಅಮೆರಿಕದ ಒತ್ತಡದಿಂದಾಗಿ 1993ರಲ್ಲಿ ರಷ್ಯಾ ಕ್ರಯೋಜೆನಿಕ್ (ಅತಿ ಶೀತಲ ದ್ರವ ಇಂಧನದ) ರಾಕೆಟ್ ಎಂಜಿನ್ನಿನ ತಂತ್ರಜ್ಞಾನ ಕೊಡದೆ ಹಿಂದೆ ಸರಿದಾಗ ನಾವೇ ಮಾಡಲು ಹೊರಟೆವು. 2010ರ ಏಪ್ರಿಲ್‌ನ ಮೊದಲ ಪ್ರಯತ್ನ ಸಮುದ್ರಕ್ಕೆ ಬಿತ್ತು. ಗೆದ್ದದ್ದು 2014ರ ಜನವರಿಯಲ್ಲಿ. ಎರಡು ದಶಕ ಹಿಡಿಯಿತು, ನಡುವೆ ಯಾರೂ ಆ ಕೆಲಸವನ್ನು ಕೈಬಿಡಲಿಲ್ಲ. ತೇಜಸ್ಸಿಗಾಗಿ ನಾವೇ ರೂಪಿಸಲು ಹೊರಟ ಕಾವೇರಿ ಎಂಜಿನ್ನಿಗೆ ಸಿಗದೆ ಹೋದದ್ದು ಇದೇ.

ನೀವು ಭೌತಶಾಸ್ತ್ರ ಕಲಿಸಿದವರು, ಆದ್ದರಿಂದ ಕಷ್ಟ ಎಲ್ಲಿದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜೆಟ್ ಎಂಜಿನ್ನಿನ ದಹನಕೋಣೆಯಿಂದ ಹೊರಬರುವ ಅನಿಲ 1,400 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿ ಕಾದಿರುತ್ತದೆ. ಅದಕ್ಕೆ ಎದೆಯೊಡ್ಡಿ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೈನ್ ಅಲಗುಗಳ ನಿಕಲ್ ಮಿಶ್ರಲೋಹ ಕರಗುವುದು 1,300 ಡಿಗ್ರಿಯ ಆಸುಪಾಸಿನಲ್ಲಿ. ಅಂದರೆ ಲೋಹ ತಾನು ಕರಗಬೇಕಾದ ಬಿಸಿಯಲ್ಲಿ ನಿಂತು ಕೆಲಸ ಮಾಡಬೇಕು. ಸುತ್ತುವ ರಭಸಕ್ಕೆ ಅಂಗೈಯಲ್ಲಿ ಹಿಡಿಯಬಹುದಾದ ಆ ಅಲಗನ್ನು ಹಲವು ಟನ್ ಭಾರ ಹೊರಕ್ಕೆ ಜಗ್ಗುತ್ತಿರುತ್ತದೆ. ಅದನ್ನು ಉಳಿಸುವುದಕ್ಕೆ ಎರಡು ಉಪಾಯಗಳಿವೆ. ಒಂದು, ಅಲಗಿನ ಒಳಗೆ ಕೂದಲೆಳೆಯಂತಹ ಕಾಲುವೆಗಳನ್ನು ಬಿಟ್ಟು, ಮೈಮೇಲಿನ ಸೂಕ್ಷ್ಮ ರಂಧ್ರಗಳಿಂದ ತಂಪುಗಾಳಿ ಹೊರಬಂದು ಅಲಗಿಗೆ ಹೊದಿಕೆಯಾಗುವಂತೆ ಮಾಡುವುದು. ಇನ್ನೊಂದು, ಇಡೀ ಅಲಗನ್ನು ಒಂದೇ ಹರಳಾಗಿ ಎರಕ ಹೊಯ್ಯುವುದು. ಸಾಮಾನ್ಯ ಲೋಹದಲ್ಲಿ ಲೆಕ್ಕವಿಲ್ಲದಷ್ಟು ಹರಳುಗಳು ಒತ್ತೊತ್ತಾಗಿ ಸೇರಿರುತ್ತವೆ. ಕಾವು ಮತ್ತು ಎಳೆತ ಒಟ್ಟಿಗೆ ಬಿದ್ದಾಗ ಅವುಗಳ ಸಂದುಗಳಲ್ಲಿ ಲೋಹ ಮೆಲ್ಲಗೆ ಹಿಗ್ಗಿ, ಬಿರುಕು ಹುಟ್ಟುತ್ತದೆ. ಸಂದೇ ಇಲ್ಲದಿದ್ದರೆ ಆ ಭಯವಿಲ್ಲ. ಅದಕ್ಕಾಗಿ ಅಚ್ಚಿನ ತಳದಲ್ಲಿ ಸುರುಳಿಯಾಕಾರದ ಕಿರಿದಾದ ದಾರಿ ಬಿಡುತ್ತಾರೆ. ಹಲವು ಹರಳುಗಳು ಮೇಲೇರಲು ಹೊರಟರೂ ಒಂದೇ ಒಂದು ಆ ಸುರುಳಿ ದಾಟಿ ಇಡೀ ಅಲಗಾಗಿ ಬೆಳೆಯುತ್ತದೆ.

ಈ ವಿವರಣೆ ಯಾವ ಪಠ್ಯಪುಸ್ತಕದಲ್ಲಾದರೂ ಸಿಗುತ್ತದೆ. ಯಾವ ವೇಗದಲ್ಲಿ ಅಚ್ಚನ್ನು ಕುಲುಮೆಯಿಂದ ಕೆಳಗಿಳಿಸಬೇಕು, ಯಾವ ಧಾತು ಎಷ್ಟು ಪಾಲು, ನೂರು ಅಲಗುಗಳಲ್ಲಿ ತೊಂಬತ್ತು ಸರಿಯಾಗಿ ಬರಬೇಕಾದರೆ ಏನು ಮಾಡಬೇಕು ಎಂಬುದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಯಾವ ಕಂಪನಿಯೂ ಯಾವ ಬೆಲೆಗೂ ಮನಸಾರೆ ಮಾರುವುದಿಲ್ಲ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ ಹೆಲಿಕಾಪ್ಟರ್ ಎಂಜಿನ್ನಿಗಾಗಿ ಇಂತಹ 60 ಏಕಹರಳು ಅಲಗುಗಳನ್ನು ತಯಾರಿಸಿ ಎಚ್‌ಎಎಲ್‌ಗೆ ಕೊಟ್ಟದ್ದು 2021ರಲ್ಲಿ. ಕಾವೇರಿ ಯೋಜನೆ ಮಂಜೂರಾಗಿ ಆಗಲೇ 32 ವರ್ಷ ಕಳೆದಿತ್ತು.

ಕಾವೇರಿಯನ್ನು ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿರುವ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಗೆ, ಅಂದರೆ ಜಿಟಿಆರ್‌ಇಗೆ, 1989ರ ಮಾರ್ಚ್‌ನಲ್ಲಿ ಒಪ್ಪಿಸಲಾಯಿತು. ಮಂಜೂರಾದ ಹಣ 382.81 ಕೋಟಿ, ಗಡುವು 1996ರ ಡಿಸೆಂಬರ್. ಲೋಹವೇ ಕೈಯಲ್ಲಿಲ್ಲದ ದೇಶಕ್ಕೆ ಎಂಟು ವರ್ಷದೊಳಗೆ ಯುದ್ಧವಿಮಾನದ ಎಂಜಿನ್! ಆ ಗಡುವು ಬರೆದವರಿಗೂ ಅದರಲ್ಲಿ ನಂಬಿಕೆ ಇದ್ದಿರಲಾರದು ಎಂದು ನನಗನ್ನಿಸುತ್ತದೆ. 81 ಕಿಲೋನ್ಯೂಟನ್ ನೂಕುಬಲ ಬೇಕಿತ್ತು, ಎಪ್ಪತ್ತರ ಆಸುಪಾಸಿನಲ್ಲಿ ಒದ್ದಾಡಿತು. ತೂಕ 1,100 ಕಿಲೋ ಇರಬೇಕಿತ್ತು, 1,235 ಆಯಿತು. 2008ರಲ್ಲಿ ಅದನ್ನು ತೇಜಸ್ಸಿನಿಂದ ಬೇರ್ಪಡಿಸಿದರು.

ಹಾಗಾದರೆ ಹಣವೆಲ್ಲ ಹೊಳೆಗೆ ಹೋಯಿತೇ? ಸಂಸತ್ತಿನ ಮುಂದೆ ಇಟ್ಟ ಲೆಕ್ಕ ಹೀಗಿದೆ: ಒಟ್ಟು ಖರ್ಚು 2,035.56 ಕೋಟಿ ರೂಪಾಯಿ. ಒಂಬತ್ತು ಪೂರ್ಣ ಎಂಜಿನ್ನುಗಳು, ನಾಲ್ಕು ಒಳಭಾಗದ ಎಂಜಿನ್ನುಗಳು. 3,217 ಗಂಟೆಗಳ ಪರೀಕ್ಷೆ. (ಆ ಒಳಭಾಗಕ್ಕೆ ಇಟ್ಟ ಹೆಸರು ಕಬಿನಿ. ಕಾವೇರಿಗೆ ನೀರು ಕೊಡುವ ಹೊಳೆಯ ಹೆಸರನ್ನು ಎಂಜಿನ್ನಿನ ಎದೆಗೂಡಿಗೆ ಇಟ್ಟ ಆ ಅಪರಿಚಿತ ಎಂಜಿನಿಯರ್ ಬಗ್ಗೆ ನನಗೆ ಬಹಳ ಪ್ರೀತಿ.) ಈಗ ಈ ಅಂಕಿಗಳ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. 2021ರಲ್ಲಿ 99 ಅಮೆರಿಕನ್ ಎಂಜಿನ್ನುಗಳಿಗೆ ನಾವು ಒಪ್ಪಿಕೊಂಡ ಬೆಲೆ 5,375 ಕೋಟಿ. ರೂಪಾಯಿಯ ಬೆಲೆ ಕಾಲಕಾಲಕ್ಕೆ ಬೇರೆಯಾದ್ದರಿಂದ ನೇರ ಹೋಲಿಕೆ ಸಲ್ಲದು, ಒಪ್ಪುತ್ತೇನೆ. ಆದರೂ ಒಂದೇ ಖರೀದಿಯ ಬೆಲೆ, ಮೂರು ದಶಕ ಕಾವೇರಿಗೆ ಕೊಟ್ಟ ಹಣದ ಎರಡೂವರೆ ಪಟ್ಟಿಗಿಂತ ಹೆಚ್ಚು. ಇನ್ನು ಆ 3,217 ಗಂಟೆಯನ್ನು ಮೂರು ದಶಕಗಳಿಗೆ ಹಂಚಿದರೆ ವರ್ಷಕ್ಕೆ ನೂರು ಗಂಟೆ ಚಿಲ್ಲರೆ. ಎಂಜಿನ್ನು ಉರಿಸಿ, ಒಡೆದು, ಒಡೆದದ್ದೇಕೆ ಎಂದು ತಿಳಿದು, ಮತ್ತೆ ಉರಿಸಿ ಕಲಿಯುವ ವಿದ್ಯೆ ಇದು. ವರ್ಷಕ್ಕೆ ನೂರು ಗಂಟೆಯಲ್ಲಿ ಯಾರೂ ಇದನ್ನು ಕಲಿಯಲಾರರು. ನನ್ನ ಮಟ್ಟಿಗೆ ಕಾವೇರಿಯ ಬಗೆಗಿನ ದೂರು ಹೆಚ್ಚು ಖರ್ಚು ಮಾಡಿದರು ಎಂಬುದಲ್ಲ, ಕಡಿಮೆ ಉರಿಸಿದರು ಎಂಬುದು.

ಕಡಿಮೆ ಉರಿಸಿದ್ದಕ್ಕೆ ಕಾರಣವೂ ಇತ್ತು. ಎತ್ತರದ ಗಾಳಿಯಲ್ಲಿ ಎಂಜಿನ್ ಹೇಗೆ ವರ್ತಿಸುತ್ತದೆ ಎಂದು ನೋಡಬೇಕಾದರೆ ಅದನ್ನು ದೊಡ್ಡ ವಿಮಾನವೊಂದರ ರೆಕ್ಕೆಗೆ ಕಟ್ಟಿ ಹಾರಿಸಬೇಕು. ಅಂತಹ ವಿಮಾನ ನಮ್ಮಲ್ಲಿರಲಿಲ್ಲ. 2010ರ ನವೆಂಬರ್‌ನಲ್ಲಿ ಕಾವೇರಿ ಮೊದಲ ಬಾರಿ ಆಕಾಶಕ್ಕೇರಿದ್ದು ಮಾಸ್ಕೋ ಬಳಿಯ ಗ್ರೋಮೊವ್ ಸಂಸ್ಥೆಯ ಐಎಲ್-76 ವಿಮಾನದಲ್ಲಿ. ಸಣ್ಣದೊಂದು ಬದಲಾವಣೆ ಪರೀಕ್ಷಿಸಲೂ ಎಂಜಿನ್ನನ್ನು ಪರದೇಶಕ್ಕೆ ಸಾಗಿಸಿ ಅವರ ಬಿಡುವಿಗೆ ಕಾಯಬೇಕು.

ಇದಕ್ಕೆ ಎದುರಾಗಿ ಅದೇ ಬೆಂಗಳೂರಿನ ಇನ್ನೊಂದು ಘಟನೆ ನೆನಪಿಸಿಕೊಳ್ಳಿ. 1998ರ ಪೋಖರಣ್ ಪರೀಕ್ಷೆಗಳ ನಂತರ ಅಮೆರಿಕ ದಿಗ್ಬಂಧನ ಹೇರಿತು. ತೇಜಸ್ಸಿನ ಹಾರಾಟ ನಿಯಂತ್ರಣ ವ್ಯವಸ್ಥೆಯ ಮೇಲೆ ಅಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳನ್ನು ವಾಪಸು ಕಳಿಸಿತು. ಅವರು ಉಳಿದ ಕೆಲಸವನ್ನು ಇಲ್ಲಿಯೇ ಮುಗಿಸಿದರು. 2001ರ ಜನವರಿ 4ರಂದು ರಾಜೀವ್ ಕೋಥಿಯಾಲ್ ಆ ವಿಮಾನವನ್ನು ಎಚ್‌ಎಎಲ್ ನಿಲ್ದಾಣದಿಂದ ಮೇಲೇರಿಸಿದರು. ಎರಡೂ ಕಡೆ ಅದೇ ಊರು, ಅದೇ ತಲೆಮಾರು. ಆದರೆ ನಿಯಂತ್ರಣ ವ್ಯವಸ್ಥೆಯ ತಂಡಕ್ಕೆ ಪರೀಕ್ಷಾ ಸಾಧನ ಮನೆಯಲ್ಲೇ ಇತ್ತು. ಬೆಳಿಗ್ಗೆ ತಪ್ಪು ಕಂಡರೆ ಸಂಜೆಗೆ ತಿದ್ದಿ ಮತ್ತೆ ಓಡಿಸಬಹುದಿತ್ತು. ಎಂಜಿನ್ ತಂಡಕ್ಕೆ ಆ ಭಾಗ್ಯವಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನನ್ನು ನಿಜಕ್ಕೂ ಕಾಡುವುದು ಇನ್ನೂ ಹಳೆಯ ಮಾತು. ಇದೇ ತಪ್ಪನ್ನು ನಾವು ಅರವತ್ತು ವರ್ಷದ ಹಿಂದೆಯೂ ಮಾಡಿದ್ದೇವೆ. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ವಿನ್ಯಾಸ ಮಾಡಿದ ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಹಾರಿತು. ನೋಡಲು ಇಂದಿಗೂ ಸುಂದರವಾದ ವಿಮಾನ. ಶಬ್ದದ ಎರಡು ಪಟ್ಟು ವೇಗಕ್ಕೆಂದು ರೂಪಿಸಿದ ಒಡಲು ಅದು. ಅದಕ್ಕೆ ಬೇಕಾಗಿದ್ದ ಹೆಚ್ಚು ಶಕ್ತಿಯ ಆರ್ಫಿಯಸ್ ಎಂಜಿನ್ನಿನ ಅಭಿವೃದ್ಧಿಗೆ ಬ್ರಿಟನ್ ಕೇಳಿದ ಹಣವನ್ನು ದೆಹಲಿ ಕೊಡಲಿಲ್ಲ. ಇದ್ದ ಚಿಕ್ಕ ಎಂಜಿನ್ನುಗಳನ್ನೇ ಕೂರಿಸಿ ಹಾರಿಸಿದರು. ವಿಮಾನ ಶಬ್ದದ ವೇಗದ ಅಂಚಿನಲ್ಲೇ ನಿಂತಿತು. ಆ ಎಂಜಿನ್ನಿಗೆ ಆಫ್ಟರ್‌ಬರ್ನರ್ (ಹೊರಬೀಳುವ ಅನಿಲದಲ್ಲಿ ಮತ್ತೆ ಇಂಧನ ಉರಿಸುವ ಭಾಗ) ಜೋಡಿಸಿ ಬಲ ಹೆಚ್ಚಿಸುವ ಪ್ರಯತ್ನ ನಡೆದಿತ್ತು. ಅಂತಹ ಮಾದರಿ ವಿಮಾನವೊಂದನ್ನು ಹಾರಿಸುತ್ತಿದ್ದಾಗಲೇ, 1970ರ ಜನವರಿ 10ರಂದು, ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಪ್ರಾಣ ಬಿಟ್ಟರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆ ಜಿಟಿಆರ್‌ಇ ಇರುವ ಆಸುಪಾಸಿನಲ್ಲೇ ಹಾದುಹೋಗುತ್ತದೆ. ಆ ರಸ್ತೆಯ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡಾಗಲೆಲ್ಲ ನನಗೆ ಆ ವಿಮಾನ ನೆನಪಾಗುತ್ತದೆ.

ಎರಡೂ ಬಾರಿ ಎಂಜಿನ್ನನ್ನು ವಿಮಾನದ ಬಾಲಕ್ಕೆ ಕಟ್ಟಿದೆವು. ವಿಮಾನಕ್ಕೆ ಆತುರವಾದಾಗ ಪರದೇಶದಿಂದ ಎಂಜಿನ್ ತರಿಸಿದೆವು, ಅದು ತಪ್ಪಲ್ಲ. ತರಿಸಿದ ಕೂಡಲೇ ಮನೆಯ ಎಂಜಿನ್ನನ್ನು ಅನಾಥ ಮಾಡಿದೆವು, ಅದು ತಪ್ಪು. ಎಂಜಿನ್ ಪ್ರಬುದ್ಧವಾಗಲು ವಿಮಾನಕ್ಕಿಂತ ಹೆಚ್ಚು ಕಾಲ ಬೇಕು. ಅದಕ್ಕೆ ತನ್ನದೇ ಹಣ, ತನ್ನದೇ ಗಡುವು, ತನ್ನದೇ ಪರೀಕ್ಷಾ ವಿಮಾನ ಇರಬೇಕು. ಚೀನಾ ತನ್ನ ಜೆ-10 ವಿಮಾನಗಳನ್ನು ವರ್ಷಗಟ್ಟಲೆ ರಷ್ಯಾದ ಎಂಜಿನ್ನಿನಲ್ಲೇ ಹಾರಿಸಿತು. ಆದರೆ ಆ ಹೊತ್ತಿಗೆ ತನ್ನ ಡಬ್ಲ್ಯುಎಸ್-10 ಎಂಜಿನ್ನಿನ ಕೆಲಸ ನಿಲ್ಲಿಸಲಿಲ್ಲ. ಇಂದು ಅದೇ ವಿಮಾನ ಅದೇ ಎಂಜಿನ್ನಿನಲ್ಲಿ ಹಾರುತ್ತಿದೆ.

ರಷ್ಯಾದ ಎಂಜಿನ್ನುಗಳ ಬಗ್ಗೆ ಕೇಳಿದ್ದೀರಿ. ಸುಖೋಯ್-30ರ ಎಎಲ್-31ಎಫ್‌ಪಿ ಎಂಜಿನ್ನುಗಳನ್ನು ಎಚ್‌ಎಎಲ್ ಒಡಿಶಾದ ಕೊರಾಪುಟ್‌ನಲ್ಲಿ ತಯಾರಿಸುತ್ತದೆ; 2024ರ ಸೆಪ್ಟೆಂಬರ್‌ನಲ್ಲಿ ಇನ್ನೂ 240ಕ್ಕೆ ಒಪ್ಪಂದವಾಗಿದೆ. ಕೈಕೆಲಸದ ಪರಿಣತಿ ಅದರಿಂದ ಬಂದಿದೆ. ಆದರೆ ಬೇರೆಯವರ ನಕ್ಷೆ ನೋಡಿ ಕಟ್ಟುವವನಿಗೆ ಈ ಅಳತೆ ಹೀಗೇಕೆ ಎಂಬುದು ತಿಳಿಯುವುದಿಲ್ಲ.

2025ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್, ಫ್ರಾನ್ಸಿನ ಎಂಜಿನ್ ಕಂಪನಿ ಸಫ್ರಾನ್ ಜೊತೆ ಸೇರಿ ಎಂಜಿನ್ ರೂಪಿಸುವುದಾಗಿ ಪ್ರಕಟಿಸಿದರು. ಐದನೇ ತಲೆಮಾರಿನ ಎಎಂಸಿಎ ವಿಮಾನಕ್ಕೆ ಬೇಕಾದ 120 ಕಿಲೋನ್ಯೂಟನ್ ವರ್ಗದ ಎಂಜಿನ್ ಅದು. ಇದನ್ನು ಸ್ವಾಗತಿಸುತ್ತೇನೆ, ಮನಸ್ಸಿನಲ್ಲಿ ಒಂದು ಹೆದರಿಕೆ ಇಟ್ಟುಕೊಂಡೇ. ಸಫ್ರಾನ್ ಬಂತೆಂದು ಕಾವೇರಿಯ ಕಡತಕ್ಕೆ ದಾರ ಸುತ್ತಿ ಮೂಲೆಗಿಟ್ಟರೆ ಮೂರನೆಯ ಬಾರಿ ಅದೇ ಹೊಂಡಕ್ಕೆ ಬೀಳುತ್ತೇವೆ. ಆಫ್ಟರ್‌ಬರ್ನರ್ ಇಲ್ಲದ ಕಾವೇರಿಯನ್ನು ಮಾನವರಹಿತ ಯುದ್ಧವಿಮಾನಕ್ಕಾಗಿ ಸಿದ್ಧಪಡಿಸುವ ಕೆಲಸ ನಡೆಯುತ್ತಿದೆ. ಅದೇ ಜಿಟಿಆರ್‌ಇ ರೂಪಿಸಿದ ಚಿಕ್ಕ ಎಂಜಿನ್ 2024ರ ಏಪ್ರಿಲ್‌ನಲ್ಲಿ ಚಾಂದೀಪುರದಿಂದ ಒಂದು ಕ್ರೂಸ್ ಕ್ಷಿಪಣಿಯನ್ನು ಹಾರಿಸಿತು. ಅದರ ಹೆಸರು ಮಾಣಿಕ್. ಪತ್ರಿಕೆಗಳಲ್ಲಿ ಅದಕ್ಕೆ ಸಿಕ್ಕಿದ್ದು ನಾಲ್ಕು ಸಾಲು, ನಮ್ಮದರಲ್ಲೂ ಅಷ್ಟೇ. ನೀವು ಕೇಳಿದ ಹುಣಸೆಹಣ್ಣು ಪೂರ್ತಿ ಹೊಳೆಪಾಲಾಗಿಲ್ಲ ಎಂದು ನಾನು ನಂಬುವುದು ಇವುಗಳನ್ನು ನೋಡಿ.

ಇನ್ನು ನಿಮ್ಮ ಮೊಮ್ಮಗಳ ಪ್ರಶ್ನೆ. ಮೆಕ್ಯಾನಿಕಲ್, ಏರೋಸ್ಪೇಸ್ ಎಂದು ಎಲ್ಲರೂ ಹೇಳುತ್ತಾರೆ, ಅವೂ ಬೇಕು. ಆದರೆ ಮೇಲೆ ಬರೆದದ್ದನ್ನೆಲ್ಲ ಅವಳಿಗೆ ಓದಿ ಹೇಳಿ, ನಮ್ಮ ಎಂಜಿನ್ ಎಲ್ಲಿ ಸೋತಿತು ಎಂದು ಅವಳನ್ನೇ ಕೇಳಿ. ಬಿಸಿಯಲ್ಲಿ ನಿಲ್ಲುವ ಲೋಹದಲ್ಲಿ ಎಂದರೆ ಅವಳಿಗೆ ದಾರಿ ಕಂಡಿತು ಎಂದೇ ಅರ್ಥ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಲೋಹ ಮತ್ತು ವಸ್ತು ವಿಜ್ಞಾನದ ಎಂಜಿನಿಯರಿಂಗ್ ವಿಭಾಗವಿದೆ. ಮುಂದೆ ಸಂಶೋಧನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ವಸ್ತು ವಿಜ್ಞಾನದ ವಿಭಾಗವಿದೆ. ಕಂಪ್ಯೂಟರ್ ಸೈನ್ಸ್ ಸಿಗದವರು ಆರಿಸಿಕೊಳ್ಳುವ ವಿಷಯ ಅದು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳುವುದು ಬೇಡ. ರ್‍ಯಾಂಕ್ ಬಂದ ಮೇಲೆ, ಬೇಸಿಗೆ ರಜೆಯಲ್ಲಿ, ಅವಳಿಗೆ ಒಪ್ಪಿಗೆಯಿದ್ದರೆ ನಮಗೆ ಬರೆಯಲಿ. ಎಂಜಿನ್ ಕೆಲಸದಿಂದ ನಿವೃತ್ತರಾದ ಒಬ್ಬಿಬ್ಬರ ಪರಿಚಯ ನಮಗಿದೆ. ಅವರ ಜೊತೆ ಒಂದು ಮಧ್ಯಾಹ್ನ ಕೂತು ಮಾತನಾಡಲು ಏರ್ಪಾಡು ಮಾಡುತ್ತೇವೆ.

ನಿಮ್ಮ,
ಸಂಪಾದಕ