ಹಾರ್ಮೋನಿಯಂ ಈಗ ಯಾರ ಮನೆಯಲ್ಲಿದೆ?

ಈ ವಾರ ಬೇರೆ ಪತ್ರಕ್ಕೆ ಉತ್ತರ ಬರೆಯಬೇಕು ಅಂತಿದ್ದೆ. ಅಣ್ಣ-ತಮ್ಮಂದಿರ ಅಡಿಕೆ ತೋಟದ ಪಾಲು. ಆ ಜಗಳ ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ವಾರವೂ ಅಲ್ಲೇ ಇರುತ್ತದೆ. ಅಷ್ಟರಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಅಕ್ಕನಿಂದ ಹನ್ನೊಂದು ಪುಟದ ಪತ್ರ ಬಂತು. ಗೆರೆ ಹಾಳೆ, ನೀಲಿ ಶಾಯಿ, ಎಲ್ಲೂ ಒಂದು ಚಿತ್ತಿಲ್ಲ. ಓದಿದೆ, ಎದ್ದು ಕಾಫಿ ಮಾಡಿಕೊಂಡೆ, ಬಂದು ಏಳನೇ ಪುಟ ಮತ್ತೆ ಓದಿದೆ. ಆಮೇಲೆ ತೋಟದ ಪಾಲನ್ನು ಪಕ್ಕಕ್ಕಿಟ್ಟೆ.

ವಿಷಯ ಇಷ್ಟು. ಅಕ್ಕನಿಗೆ ಅರವತ್ತೊಂದು ವರ್ಷ. ಊರಿನ ಸಣ್ಣ ಚರ್ಚಿನಲ್ಲಿ ಇಪ್ಪತ್ತೇಳು ವರ್ಷ ಹಾಡಿಸಿದವರು. ಯಜಮಾನರು ತೀರಿಹೋಗಿ ಹದಿನಾಲ್ಕು ತಿಂಗಳು. ಮೇ ತಿಂಗಳಲ್ಲಿ ಹೊಸ ಫಾದರ್ ಬಂದರು. ಜುಲೈಯಲ್ಲಿ ಚರ್ಚಿನ ವಾಟ್ಸಾಪ್ ಗ್ರೂಪಿಗೆ ಕಮಿಟಿ ಕಾರ್ಯದರ್ಶಿಯ ಒಂದು ಮೆಸೇಜು ಬಂತು: ಇನ್ನು ಮುಂದೆ ಗಾಯನದ ಜವಾಬ್ದಾರಿ ಯುವಜನರದ್ದು, ಹಿರಿಯರ ಸೇವೆಗೆ ಧನ್ಯವಾದ, ಕೊನೆಗೆ ಎರಡು ಕೈಮುಗಿದ ಚಿತ್ರ. ಈಗ ಕೀಬೋರ್ಡು ಬಂದಿದೆ, ಗಿಟಾರು ಬಂದಿದೆ, ಹಾಡಿನ ಸಾಲುಗಳು ಗೋಡೆಯ ಮೇಲೆ ಬೆಳಕಿನಲ್ಲಿ ಬೀಳುತ್ತವೆ. ಅಕ್ಕ ಆಗಸ್ಟ್‌ನಿಂದ ಭಾನುವಾರದ ಪೂಜೆಗೆ ಹೋಗಿಲ್ಲ. ಮೊಬೈಲಿನಲ್ಲಿ ಯಾವುದೋ ಊರಿನ ಪೂಜೆ ನೋಡುತ್ತಾರೆ. ಬೆಂಗಳೂರಿನ ನಾದಿನಿ ದಿನಾ ಒಂದು ಚಿಟ್ಟೆಯ ಚಿತ್ರ ಕಳಿಸಿ, ಬದಲಾವಣೆಯನ್ನು ಅಪ್ಪಿಕೊಳ್ಳುವುದೇ ಆತ್ಮಿಕ ಬೆಳವಣಿಗೆ ಅಂತ ಬರೆಯುತ್ತಾರೆ. ಅಕ್ಕನ ಪ್ರಶ್ನೆ: 'ನನಗೆ ಯಾಕೆ ಅಪ್ಪಿಕೊಳ್ಳಲು ಆಗುತ್ತಿಲ್ಲ? ನನ್ನ ವಿಶ್ವಾಸ ಇಷ್ಟೇನಾ?'

ಅಕ್ಕಾ, ಮೊದಲು ಆ ಮೆಸೇಜಿನ ಮಾತು. ನನ್ನ ಹಳೇ ಓದುಗರಿಗೆ ನನ್ನ ಈ ರಾಗ ಗೊತ್ತು: ಮುಖ ನೋಡಿ ಹೇಳಲಾಗದ್ದನ್ನು ಮೊಬೈಲಿನಲ್ಲಿ ಹೇಳಬಾರದು. ಇಪ್ಪತ್ತೇಳು ವರ್ಷ ಹಾಡಿಸಿದವರನ್ನು ನೂರಾರು ಜನ ಓದುವ ಗ್ರೂಪಿನಲ್ಲಿ, ಗ್ಯಾಸ್ ಸಿಲಿಂಡರ್ ಬಂದಿದೆ ಅನ್ನುವ ಹಾಗೆ ಕಳಿಸಿಕೊಡುವುದು ಒರಟುತನ. ಕಾರ್ಯದರ್ಶಿಗಳು ನಿಮ್ಮ ಮನೆಗೆ ಬಂದು ಒಂದು ಲೋಟ ಕಾಫಿ ಕುಡಿದು ಹೇಳಬೇಕಿತ್ತು. ಹೊಸ ಫಾದರ್ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಬಂದು ಎರಡು ತಿಂಗಳಾಗಿತ್ತು, ಯಾರ ಮನೆ ಯಾವುದು ಅಂತಲೂ ಗೊತ್ತಿರಲಿಕ್ಕಿಲ್ಲ.

ನನಗೆ ಜಾಸ್ತಿ ಸಿಟ್ಟು ಬಂದದ್ದು ನಾದಿನಿಯ ಮೇಲೆ. ಬೇಜಾರು ಮಾಡಿಕೊಳ್ಳಬೇಡಿ. ಬೆಳಿಗ್ಗೆ ಚಿಟ್ಟೆ ಕಳಿಸಿ ಬದಲಾಗು ಅನ್ನುವವರೂ ಅವರೇ, ಸಂಜೆ ಫೋನ್ ಮಾಡಿ, 'ಹೋಗ್ಬೇಡ ಬಿಡು, ನೀನಿಲ್ಲದೆ ಹೇಗೆ ಹಾಡ್ತಾರೋ ನೋಡೋಣ' ಅನ್ನುವವರೂ ಅವರೇ. ಆ ಚರ್ಚಿನ ಅಂಗಳ ಅವರು ತುಳಿದು ಎಷ್ಟು ವರ್ಷವಾಯಿತು? ದೂರ ಕೂತು ಬೇರೆಯವರ ಮುನಿಸಿಗೆ ಸೌದೆ ಹಾಕುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರಿಗೆ ಹೊಗೆ ತಾಗುವುದಿಲ್ಲ. ಇನ್ನು ಆ ಚಿಟ್ಟೆ. ಕಂಬಳಿಹುಳ ಚಿಟ್ಟೆಯಾಗುವುದು ಹುಳದ ಸಾಧನೆಯೇನೂ ಅಲ್ಲ, ಅದಕ್ಕೆ ಬೇರೆ ದಾರಿಯೇ ಇಲ್ಲ. ನಿಮಗೆ ಇದೆ. ಆದ್ದರಿಂದಲೇ ಕಷ್ಟ. ಮತ್ತೆ, ಎಲ್ಲ ಬದಲಾವಣೆಯೂ ದೇವರ ಕಡೆಯಿಂದಲೇ ಬಂದದ್ದು ಅಂತ ಯಾರು ಹೇಳಿದರು? ಕೆಲವು ಕಮಿಟಿಯ ಅವಸರದಿಂದಲೂ ಬರುತ್ತವೆ. ಯೇಸುಸ್ವಾಮಿ ಬೋಧನೆ ಶುರು ಮಾಡಿದ್ದೇ ಮನಸ್ಸು ತಿರುಗಿಸಿ ಅಂತ, ನಿಜ. ಕೀಬೋರ್ಡಿನ ಸದ್ದನ್ನು ಮೆಚ್ಚಿಕೊಳ್ಳಿ ಅಂತ ಎಲ್ಲೂ ಹೇಳಿಲ್ಲ. ಅದು ಇಷ್ಟವಾಗದಿದ್ದರೆ ಇಷ್ಟವಾಗುವುದು ಬೇಡ, ನಿಮ್ಮ ವಿಶ್ವಾಸಕ್ಕೆ ಏನೂ ಆಗುವುದಿಲ್ಲ.

ಈಗ ಏಳನೇ ಪುಟ.

ಅಲ್ಲಿ ನೀವು ಮಳೆಯ ಬಗ್ಗೆ ಬರೆದಿದ್ದೀರಿ. ಈ ಸಲ ಅಡಿಕೆಗೆ ಕೊಳೆ ರೋಗ ಜೋರು, ಔಷಧಿ ಹೊಡೆಯುವವರು ಸಿಗಲಿಲ್ಲ, ಹಿತ್ತಲ ಗೋಡೆ ಕುಸಿಯಿತು. ಅದರ ಮಧ್ಯೆ ಒಂದು ವಾಕ್ಯ: 'ಹಾರ್ಮೋನಿಯಂ ಹೇಗೂ ನಮ್ಮ ಅಟ್ಟದಲ್ಲೇ ಇದೆ, ಇವರ ಕಂಬಳಿ ಹೊದಿಸಿಟ್ಟಿದ್ದೇನೆ.' ಮುಂದಿನ ವಾಕ್ಯಕ್ಕೆ ಮತ್ತೆ ಹಿತ್ತಲ ಗೋಡೆ.

ಹೇಗೂ ಅಂದರೆ? ಅದು ಚರ್ಚಿನ ಹಾರ್ಮೋನಿಯಂ ಅಲ್ವಾ? ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ, ಮನೆಮನೆಯಿಂದ ವಂತಿಗೆ ಎತ್ತಿ ತಂದದ್ದು ಅಂತ.

ಪ್ರತಿ ಜೂನ್‌ನಲ್ಲಿ ಅದು ನಿಮ್ಮ ಮನೆಗೆ ಬರುವುದು ವಾಡಿಕೆ. ಮಲೆನಾಡಿನವರಿಗೆ ಕಾರಣ ಹೇಳಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಆಗುಂಬೆ ಸೀಮೆಯ ಮಳೆ ಹಿಡಿಯಿತು ಅಂದರೆ ಚಪ್ಪಲಿಗೂ ಬೂಷ್ಟು, ಬೈಬಲಿನ ರಟ್ಟಿಗೂ ಬೂಷ್ಟು. ಹಾರ್ಮೋನಿಯಂ ಮರ ನೀರು ಕುಡಿದು ಉಬ್ಬುತ್ತದೆ, ಒತ್ತಿದ ಕೀ ಮೇಲೆ ಬರುವುದಿಲ್ಲ, ತಿದಿ ಮೆತ್ತಗಾಗುತ್ತದೆ, ಹಿತ್ತಾಳೆ ರೀಡಿಗೆ ಕಿಲುಬು ಹಿಡಿಯುತ್ತದೆ. ಹಾಗಾಗಿ ಒಲೆಯ ಬಿಸಿ ತಾಗುವ ಅಟ್ಟವೇ ಅದಕ್ಕೆ ಆಸ್ಪತ್ರೆ. ಯಜಮಾನರು ಬೈಕಿನ ಹಿಂದೆ ಕಟ್ಟಿಕೊಂಡು ತರುತ್ತಿದ್ದರು, ನೀವು ಕೊಡೆ ಹಿಡಿದು ಹಿಂದೆ ನಡೆದು ಬರುತ್ತಿದ್ದಿರಿ, ಹಾರ್ಮೋನಿಯಂ ಇದ್ದರೆ ನಿಮಗೆ ಸೀಟಿಲ್ಲ. ಸೆಪ್ಟೆಂಬರ್ 8ರ ತೆನೆ ಹಬ್ಬದ ಹೊತ್ತಿಗೆ ಅದು ವಾಪಸ್ ಚರ್ಚಿನಲ್ಲಿರಬೇಕು, ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಮರಿಯ ಮಾತೆಗೆ ಹೂ ಹಾಕುವಾಗ ಹಾಡಬೇಕಲ್ಲ. ಇಷ್ಟೆಲ್ಲ ನೀವೇ ಬರೆದದ್ದು. ಈ ಸಲ ತೆನೆ ಹಬ್ಬ ಕಳೆಯಿತು. ಮಳೆಯೂ ನಿಂತಿತು. ಈಗ ನವೆಂಬರ್, ಅಂಗಳದಲ್ಲಿ ಅಡಿಕೆ ಒಣಗುತ್ತಿದೆ. ಹಾರ್ಮೋನಿಯಂ ಇನ್ನೂ ಅಟ್ಟದಲ್ಲಿದೆ.

ಅವರು ಕೀಬೋರ್ಡು ತಂದರು ಅಂತ ನೀವು ನಾಲ್ಕು ಪುಟ ದೂರಿದ್ದೀರಿ. ಮಕ್ಕಳು ಇನ್ನೇನು ಇಟ್ಟುಕೊಂಡು ಹಾಡಬೇಕಿತ್ತು?

ಒಂಬತ್ತನೇ ಪುಟದ ಇನ್ನೊಂದು ಸಾಲೂ ಇದರ ಜೊತೆಗೇ ಸೇರುತ್ತದೆ. ಈಗ ಹಾಡಿಸುವ ಹುಡುಗಿ ನಿಮ್ಮ ಹತ್ತಿರವೇ ಸರಿಗಮ ಕಲಿತವಳು. ಎರಡು ಸಲ ಮನೆಗೆ ಬಂದಿದ್ದಾಳೆ. ಕ್ರಿಸ್‌ಮಸ್ ರಾತ್ರಿಯ ಹಾಡನ್ನು ಯಾವ ಶ್ರುತಿಗೆ ಶುರು ಮಾಡುತ್ತಿದ್ದಿರಿ ಅಂತ ಕೇಳಿದ್ದಾಳೆ. ನೀವು 'ಮರೆತುಹೋಗಿದೆ ಮಗಾ' ಅಂದಿರಿ. ಮಗಾ ಅಂದಿದ್ದೀರಿ, ಅದು ಒಳ್ಳೆಯದು. ಆದರೆ ಮರೆತಿಲ್ಲ. ಅದೇ ಪುಟದ ಕೆಳಗೆ ಕಪ್ಪು ಎರಡು, ಅಂದರೆ ಎರಡನೇ ಕಪ್ಪು ಕೀ, ಅಂತ ನನಗೆ ಬರೆದಿದ್ದೀರಿ! ಶ್ರುತಿ ನನಗೆ ಯಾಕೆ ಹೇಳಿದಿರಿ ಅಕ್ಕಾ, ನನಗೆ ಹಾಡಲು ಬರುವುದಿಲ್ಲ.

ಈ ಅಂಕಣದಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಧರ್ಮದ ಪ್ರಶ್ನೆ ಅಂತ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಕುರ್ಚಿಯ ಪ್ರಶ್ನೆ. ದೇವಸ್ಥಾನ, ಮಸೀದಿ, ಚರ್ಚು, ಎಲ್ಲ ಕಡೆಯ ಪತ್ರವೂ ಹಾಗೇ. ಕುರ್ಚಿಯ ಮೇಲೆ ಆಸೆ ಇರುವುದು ತಪ್ಪು ಅಂತ ನಾನು ಹೇಳುವುದಿಲ್ಲ, ಇಪ್ಪತ್ತೇಳು ವರ್ಷ ಕೂತ ಜಾಗ ಬೆಚ್ಚಗೇ ಇರುತ್ತದೆ. ಅದನ್ನು ವಿಶ್ವಾಸ ಅಂತ ಕರೆಯಬೇಡಿ, ಅಷ್ಟೇ.

ನಮ್ಮ ಅಜ್ಜಿಯ ಕಥೆ ಹೇಳಲೇಬೇಕು. ಸಾಗರದ ಕಡೆಯವಳು. ಅವಳ ಕಾಲದಲ್ಲಿ ಪೂಜೆ ಲತೀನಿನಲ್ಲಿ, ಫಾದರ್ ಪೀಠದ ಕಡೆ ಮುಖ ಮಾಡಿ, ಜನಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದರು. 1962ರಿಂದ 1965ರವರೆಗೆ ರೋಮ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ನಡೆಯಿತು, ಜನರ ಭಾಷೆಯಲ್ಲಿ ಪೂಜೆ ಮಾಡಬಹುದು ಅಂತಾಯಿತು, ನಿಧಾನಕ್ಕೆ ನಮ್ಮ ಕಡೆಗೂ ಕನ್ನಡ ಬಂತು. ಅಜ್ಜಿಗೆ ಲತೀನಿನ ಒಂದು ಪದದ ಅರ್ಥವೂ ಗೊತ್ತಿರಲಿಲ್ಲ, ಆದರೂ ಕನ್ನಡ ಬಂದ ಮೇಲೆ ಒಳಗೆ ಬರಲು ಒಪ್ಪಲಿಲ್ಲವಂತೆ. ಹೊರಗೆ ಹಲಸಿನ ಮರದ ಕೆಳಗೆ ಕೂತು ಜಪಸರ ಹಿಡಿದು, 'ತರಕಾರಿ ತಗೊಳ್ಳುವ ಭಾಷೆಯಲ್ಲಿ ದೇವರನ್ನು ಕರೆಯೋದಾ' ಅಂತ ಬೈಯುತ್ತಿದ್ದಳಂತೆ. ಮಳೆ ಶುರುವಾದ ಮೇಲೆ ಒಳಗೆ ಬಂದಳು, ಅದು ಬೇರೆ ವಿಷಯ. ನಾನು ನೋಡುವ ಹೊತ್ತಿಗೆ, ಅದೇ ಕನ್ನಡ ಪ್ರಾರ್ಥನೆಯಲ್ಲಿ ಯಾರಾದರೂ ಒಂದು ಪದ ಆಚೀಚೆ ಮಾಡಿದರೆ ಜಗಳಕ್ಕೆ ನಿಲ್ಲುತ್ತಿದ್ದಳು.

ನೀವು ಹಳೇ ಪದ್ಧತಿ, ನಮ್ಮ ಪದ್ಧತಿ ಅಂತ ಕರೆಯುವ ಆ ಹಾರ್ಮೋನಿಯಂ ಕಥೆಯೂ ಹಾಗೇ. 1842ರಲ್ಲಿ ಪ್ಯಾರಿಸ್‌ನಲ್ಲಿ ಅದರ ಪೇಟೆಂಟ್ ಆದದ್ದು. ಕಾಲಿನಲ್ಲಿ ತುಳಿಯುವ ಪೆಟ್ಟಿಗೆಯಾಗಿತ್ತು, ಕಲ್ಕತ್ತೆಯವರು ಅದನ್ನು ನೆಲದ ಮೇಲೆ ಕೂತು ಕೈಯಿಂದ ತಿದಿ ಒತ್ತುವ ಹಾಗೆ ಮಾಡಿದರು. ಪರದೇಶದ ಪೆಟ್ಟಿಗೆ, ಗಮಕ ನುಡಿಯುವುದಿಲ್ಲ ಅಂತ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಸ್ಟುಡಿಯೋ ಒಳಗೇ ಬಿಟ್ಟುಕೊಳ್ಳಲಿಲ್ಲ. ಮೂವತ್ತೊಂದು ವರ್ಷ! ನೀವು ಈಗ ಕೀಬೋರ್ಡಿಗೆ ಬೈಯುವ ಬೈಗಳನ್ನೆಲ್ಲ ಅದು ಆಗಲೇ ತಿಂದು ಬಂದಿದೆ.

ಇನ್ನು ಬೈಬಲ್. ನಿಮ್ಮ ಊರಿನಲ್ಲಿ ಯಾರಾದರೂ, ಯೇಸುಸ್ವಾಮಿಗೆ ದಾರಿ ಸಿದ್ಧ ಮಾಡಿದ ಸ್ನಾನಿಕ ಯೊವಾನ್ನರ ಮಾತನ್ನು ನಿಮಗೆ ಹೇಳಿಯೇ ಇರುತ್ತಾರೆ, ಆತ ಹೆಚ್ಚಬೇಕು, ನಾನು ಕಡಿಮೆಯಾಗಬೇಕು ಅನ್ನುವುದನ್ನು. ಅದನ್ನು ಸದ್ಯಕ್ಕೆ ಬದಿಗಿಡಿ. ಯೊವಾನ್ನರು ತಮ್ಮ ಬಗ್ಗೆ ಹೇಳಿಕೊಂಡ ಮಾತದು, ಪಕ್ಕದವರನ್ನು ಕಡಿಮೆ ಮಾಡುವುದಕ್ಕೆ ಕೊಟ್ಟದ್ದಲ್ಲ. ನೀವು ಬಾರ್ನಬನ ಕಥೆ ಓದಿ, ಪ್ರೇಷಿತರ ಕಾರ್ಯಕಲಾಪಗಳಲ್ಲಿದೆ. ಮೊದಲು ಕ್ರೈಸ್ತರನ್ನು ಹಿಂಸಿಸುತ್ತಿದ್ದ, ಆಮೇಲೆ ಪೌಲ ಅನ್ನಿಸಿಕೊಂಡ ಸೌಲ ಅಂದರೆ ಎಲ್ಲರೂ ಹೆದರಿ ದೂರ ನಿಂತಾಗ ಕೈಹಿಡಿದು ಕರೆತಂದವನು ಈ ಬಾರ್ನಬ. ಆಮೇಲೆ ತಾರ್ಸದವರೆಗೆ ಹುಡುಕಿಕೊಂಡು ಹೋಗಿ ಅಂತಿಯೋಕ್ಯಕ್ಕೆ ಕರೆತಂದು ಕೆಲಸಕ್ಕೆ ಹಚ್ಚಿದವನೂ ಅವನೇ. ಹದಿಮೂರನೇ ಅಧ್ಯಾಯ ಶುರುವಾಗುವಾಗ ಹೆಸರು ಬರುವುದು ಬಾರ್ನಬ ಮತ್ತು ಸೌಲ ಅಂತ. ಅದೇ ಅಧ್ಯಾಯ ಮುಗಿಯುವುದರೊಳಗೆ ಪೌಲ ಮತ್ತು ಬಾರ್ನಬ ಆಗಿರುತ್ತದೆ. ಯಾರೂ ಘೋಷಣೆ ಮಾಡಲಿಲ್ಲ, ವಾಟ್ಸಾಪ್ ಇರಲಿಲ್ಲ ಪುಣ್ಯಕ್ಕೆ. ತನ್ನದು ಎರಡನೇ ಹೆಸರಾದ ಮೇಲೂ ಬಾರ್ನಬ ಊರೂರು ನಡೆದ, ಏಟು ಬಿದ್ದ ಊರಿಗೂ ಹೋದ. ಮುಂದೆ ಇಬ್ಬರೂ ಜಗಳ ಮಾಡಿ ಬೇರೆಯಾದರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಜಗಳ ಹೆಸರು ಯಾರದ್ದು ಮೊದಲು ಅಂತ ಆಗಲಿಲ್ಲ, ಮಾರ್ಕ ಅನ್ನುವ ಒಬ್ಬ ಹುಡುಗನನ್ನು ಜೊತೆಗೆ ಕರೆದುಕೊಂಡು ಹೋಗಬೇಕಾ ಬೇಡವಾ ಅಂತ ಆಯಿತು. ಬಾರ್ನಬ ಆಗಲೂ ಹುಡುಗನ ಕಡೆ ನಿಂತ. ಆತ್ಮಿಕ ಬೆಳವಣಿಗೆ ಅಂತ ನಾದಿನಿ ದಿನಾ ಬರೆಯುತ್ತಾರಲ್ಲ, ನನಗೆ ಅದು ಕಾಣುವುದು ಇಲ್ಲಿ. ಆ ಹುಡುಗಿ ಶ್ರುತಿ ಕೇಳಿಕೊಂಡು ನಿಮ್ಮ ಬಾಗಿಲಿಗೆ ಬಂದಳು ನೋಡಿ, ನಿಮ್ಮ ತಾರ್ಸ ಅಷ್ಟು ಹತ್ತಿರ ಇತ್ತು.

ಹಾಗಂತ ಹಳೆಯದನ್ನೆಲ್ಲ ತೊಳೆದು ಹಾಕಿ ಅಂತ ನಾನು ಹೇಳುತ್ತಿಲ್ಲ. ಬೈಬಲಿನ ವಿಮೋಚನಾಕಾಂಡದಲ್ಲಿ, ಮರಳುಗಾಡಿನಲ್ಲಿ ಹಸಿದವರಿಗೆ ದೇವರು ಕಳಿಸಿದ ಮನ್ನ ಅನ್ನುವ ಆಹಾರ ಬಿತ್ತಲ್ಲ, ಅದನ್ನು ನಾಳೆಗೆ ಅಂತ ಎತ್ತಿಟ್ಟವರ ಮನೆಯಲ್ಲಿ ಹುಳ ಬಿದ್ದು ನಾತ ಹೊಡೆಯಿತು ಅನ್ನುವುದು ಎಲ್ಲರಿಗೂ ಗೊತ್ತು, ಪ್ರಸಂಗದಲ್ಲಿ ಅಲ್ಲಿಗೇ ನಿಲ್ಲಿಸುತ್ತಾರೆ. ಅದೇ ಅಧ್ಯಾಯದ ಕೊನೆಯಲ್ಲಿ ಇನ್ನೊಂದು ಮಾತಿದೆ. ಒಂದು ಅಳತೆ ಮನ್ನವನ್ನು ಪಾತ್ರೆಯಲ್ಲಿ ತುಂಬಿ ಇಟ್ಟುಕೊಳ್ಳಿ, ಮುಂದಿನವರು ನೋಡಲಿ ಅಂತ ದೇವರೇ ಹೇಳಿಸುತ್ತಾರೆ. ಒಂದು ಅಳತೆ. ಅದಕ್ಕೆ ಹುಳ ಬೀಳಲಿಲ್ಲ.

ನೀವು ಹನ್ನೊಂದು ಪುಟದಲ್ಲಿ ಯಜಮಾನರ ಬಗ್ಗೆ ಬರೆದದ್ದು ಎಷ್ಟು ಗೊತ್ತಾ? ನಾಲ್ಕು ಸಾಲು. ತೀರಿಹೋದದ್ದು ಒಂದು ಸಾಲು, ಬೈಕು ಎರಡು, ಕಂಬಳಿ ಒಂದು. ಕೀಬೋರ್ಡಿಗೆ ನಾಲ್ಕು ಪುಟ. ಈ ಜೂನ್‌ನಲ್ಲಿ ಹಾರ್ಮೋನಿಯಂ ಹೊತ್ತು ತಂದವರು ಯಾರು ಅಂತ ನೀವು ಬರೆದಿಲ್ಲ. ಸೆಪ್ಟೆಂಬರ್‌ನಲ್ಲಿ ವಾಪಸ್ ಒಯ್ಯಲು ಬೈಕು ತೆಗೆಯುವವರು ಮನೆಯಲ್ಲಿರಲಿಲ್ಲ, ಅದನ್ನೂ ಬರೆದಿಲ್ಲ. ಆ ಪೆಟ್ಟಿಗೆ ಅಟ್ಟದಿಂದ ಇಳಿದರೆ ಇನ್ನೇನೋ ಇಳಿದುಹೋಗುತ್ತದೆ ಅಂತ ನಿಮಗೆ ಅನ್ನಿಸಿರಬಹುದು. ನನ್ನ ಊಹೆ ತಪ್ಪಿದ್ದರೆ ಬೈದು ಬರೆಯಿರಿ, ಹನ್ನೊಂದು ಪುಟವಾದರೂ ಓದುತ್ತೇನೆ.

ಈಗ ಮಾಡಬೇಕಾದದ್ದು ಒಂದೇ ಕೆಲಸ. ಹಾರ್ಮೋನಿಯಂ ಕೊಟ್ಟು ಬನ್ನಿ. ಭಾನುವಾರ ಬೇಡ, ಎಲ್ಲರೂ ನೋಡುತ್ತಾರೆ, ಅದು ಮೆರವಣಿಗೆ ಆಗುತ್ತದೆ. ಫಾದರ್‌ಗೂ ಕೊಡಬೇಡಿ, ಕಾರ್ಯದರ್ಶಿಗಂತೂ ಬೇಡವೇ ಬೇಡ. ಈ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಆಟೋ ಕರೆಸಿ, ಆ ಹುಡುಗಿಯ ಮನೆಗೇ ಒಯ್ಯಿರಿ. ಕ್ರಿಸ್‌ಮಸ್‌ಗೆ ಮೊದಲಿನ ಆಗಮನ ಕಾಲ ಹತ್ತಿರ ಬಂತು, ಕ್ಯಾರಲ್ ತಾಲೀಮು ಇನ್ನೇನು ಶುರು. ಜಗಲಿಯ ಮೇಲೆ ಇಳಿಸಿ, ತಿದಿ ಬಿಚ್ಚಿ ಒಂದು ಸಲ ನುಡಿಸಿ ನೋಡಿ, ಅಂಟಿಕೊಂಡ ಕೀ ಯಾವುದು ಅಂತ ತೋರಿಸಿ. ಕಪ್ಪು ಎರಡಕ್ಕೆ ಶುರು ಮಾಡು, ಚರಣದಲ್ಲಿ ಸಣ್ಣ ಮಕ್ಕಳಿಗೆ ಉಸಿರು ಸಾಲುವುದಿಲ್ಲ, ಅಲ್ಲಿ ನಿಧಾನ ಮಾಡು ಅಂತ ಹೇಳಿ. ಅವಳು ಅದನ್ನು ಕೀಬೋರ್ಡಿನಲ್ಲೇ ನುಡಿಸಿಕೊಳ್ಳಲಿ, ಅದು ಅವಳಿಗೆ ಬಿಟ್ಟದ್ದು. ಮರುದಿನ ಪೂಜೆಗೆ ಹೋಗುತ್ತೀರೋ ಇಲ್ಲವೋ ನಾನು ಕೇಳುವುದಿಲ್ಲ. ನಾದಿನಿಗೆ ಮೊದಲೇ ಹೇಳಬೇಡಿ.

ಕಂಬಳಿಯನ್ನು ಮಾತ್ರ ಆಟೋ ಹತ್ತಿಸಬೇಡಿ. ದಾರಿಯ ಧೂಳಿಗೆ ಯಾವುದಾದರೂ ಹಳೇ ಬೆಡ್‌ಶೀಟ್ ಸುತ್ತಿದರೆ ಸಾಕು.