ಸಿಸ್ಟರ್, ಒಂದ್ನಿಮಿಷ: ಮನೆಯಲ್ಲೇ ಆರೈಕೆ ಮಾಡುವವರ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಕಾಯಿಲೆಯವರು ಬರೆದದ್ದಕ್ಕಿಂತ ಅವರನ್ನು ನೋಡಿಕೊಳ್ಳುವವರು ಬರೆದದ್ದೇ ಹೆಚ್ಚು. ಸರಕಾರಿ ಆಸ್ಪತ್ರೆಯ ವಾರ್ಡುಗಳಲ್ಲೇ ಆಯುಷ್ಯ ಕಳೆದು ನಿವೃತ್ತಳಾದ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಡಿಸ್ಚಾರ್ಜ್ ದಿನ ಚೀಟಿ ಕೈಗಿತ್ತು ಎರಡು ನಿಮಿಷದಲ್ಲಿ ಎಲ್ಲವನ್ನೂ ಹೇಳಿ ಕಳಿಸುತ್ತೇವೆ. ಅಲ್ಲಿ ಮೂರು ಶಿಫ್ಟಿನಲ್ಲಿ ನಾಲ್ಕಾರು ಜನ ಮಾಡುತ್ತಿದ್ದ ಕೆಲಸ ಮನೆಯಲ್ಲಿ ಒಬ್ಬರ ತಲೆಗೆ ಬೀಳುತ್ತದೆ, ಸಾಮಾನ್ಯವಾಗಿ ಒಬ್ಬ ಹೆಂಗಸಿನ ತಲೆಗೆ. ಈ ಸಲದ ಪುಟ ಪೂರ್ತಿ ಅವರಿಗೇ.

ಅತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತೂ ನಿಂತಿದೆ. ಭಾರೀ ಶರೀರ, ಎತ್ತಿ ಕೂರಿಸಿ ಕೂರಿಸಿ ನನ್ನ ಸೊಂಟ ಹಿಡಿದುಹೋಗಿದೆ. ಭಾನುವಾರ ಬರುವ ನಾದಿನಿಯರು ಸೊಂಟದ ಹಿಂದೆ ಕೆಂಪಗಾಗಿರುವುದನ್ನು ನೋಡಿ 'ಅಮ್ಮನ್ನ ಸರಿಯಾಗಿ ನೋಡ್ಕೊಳ್ತಿಲ್ಲ' ಅಂತ ನೆಂಟರಿಗೆಲ್ಲ ಹೇಳಿದ್ದಾರೆ. ಮೊನ್ನೆ ಬಟ್ಟೆ ಬದಲಿಸಿದ ಕೂಡಲೇ ಮತ್ತೆ ಗಲೀಜು ಮಾಡಿಕೊಂಡಾಗ 'ಯಾಕಾದ್ರೂ ಬದುಕಿದೀರೋ' ಅಂದುಬಿಟ್ಟೆ. ಅವರ ಕಣ್ಣಲ್ಲಿ ನೀರು ಬಂತು. ನಾನು ಪಾಪಿಯೇ, ಸಿಸ್ಟರ್?
– ಹೆಸರು ಬೇಡ, ತಿಪಟೂರು

ಅಮ್ಮಾ, ಇಂಥ ಮಾತನ್ನು ಹೆತ್ತ ಮಕ್ಕಳ ಬಾಯಲ್ಲೇ ಕೇಳಿದ್ದೇನೆ, ಅದೂ ರಾತ್ರಿ ಮೂರು ಗಂಟೆಗೆ, ವಾರ್ಡಿನ ನಡುವೆ. ನಿದ್ದೆಗೆಟ್ಟ ಮನುಷ್ಯರು ಆಡುವ ಮಾತದು. ಆದರೆ ಒಂದು ವಿಷಯ ತಿಳಿದಿರಲಿ. ಬಲಭಾಗ ಬಿದ್ದು ಮಾತು ನಿಂತವರಿಗೆ ಎಷ್ಟೋ ಸಲ ನಾವು ಆಡುವುದು ಅರ್ಥವಾಗುತ್ತಿರುತ್ತದೆ, ತಿರುಗಿ ಹೇಳಲು ಮಾತ್ರ ಆಗುವುದಿಲ್ಲ. ಹಾಗಾಗಿ ಪಕ್ಕದಲ್ಲಿ ಕೂತು, 'ಅವತ್ತು ಸುಸ್ತಾಗಿತ್ತು ಅತ್ತೆ, ಸಿಟ್ಟಲ್ಲಿ ಅಂದುಬಿಟ್ಟೆ' ಅನ್ನಿ. ಅವರು ಎಡಗೈಯಲ್ಲಿ ನಿಮ್ಮ ಕೈ ಹಿಡಿಯಬಹುದು, ಮುಖ ತಿರುಗಿಸಲೂಬಹುದು. ಎರಡಕ್ಕೂ ಅವರಿಗೆ ಹಕ್ಕಿದೆ. ಮುಂದಕ್ಕೆ 'ಹೌದು' ಅಂದರೆ ಒಂದು ಸಲ ಕೈ ಒತ್ತುವುದು, 'ಬೇಡ' ಅಂದರೆ ಎರಡು ಸಲ ಅಂತ ಗೊತ್ತು ಮಾಡಿಕೊಳ್ಳಿ. ಗಲೀಜಾಗುವ ಮುಂಚೆ ಹೇಳಲು ಅವರಿಗೊಂದು ದಾರಿ ಸಿಕ್ಕಿದರೆ ನಿಮ್ಮ ಅರ್ಧ ಸಿಟ್ಟು ಅಲ್ಲೇ ಹೋಗುತ್ತದೆ.

ಇನ್ನು ಆ ಕೆಂಪು. ಬೆರಳಿಟ್ಟು ಒತ್ತಿ, ತೆಗೆದು ನೋಡಿ. ಒತ್ತಿದಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಎಂದರ್ಥ. ಒತ್ತಿದರೂ ಬಣ್ಣ ಬದಲಾಗದೆ ಕೆಂಪಾಗೇ ಉಳಿದರೆ ಒತ್ತುಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆಯೂ ಇರಬಹುದು, ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಲ್ಲಿ ಮುಟ್ಟಿ ನೋಡಬೇಕು. ಕೆಂಪಾದ ಜಾಗವನ್ನು ಎಣ್ಣೆ ಹಾಕಿ ತಿಕ್ಕಬೇಡಿ, ಸ್ಪಿರಿಟ್ ಹಚ್ಚಬೇಡಿ, ಗಾಳಿ ತುಂಬಿದ ರಿಂಗಿನ ಮೇಲೆ ಕೂರಿಸಬೇಡಿ. ಮೂರೂ ಹಳೇ ಕಾಲದ ಉಪಚಾರಗಳು, ಮೂರರಿಂದಲೂ ಚರ್ಮ ಇನ್ನಷ್ಟು ಹಾಳಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ: ಎಡ, ಅಂಗಾತ, ಬಲ. ಏರ್ ಬೆಡ್ ಇದ್ದರೂ ಇದು ತಪ್ಪಿದ್ದಲ್ಲ. (ಕರೆಂಟು ಹೋದಾಗ ಪಂಪ್ ನಿಂತು ಏರ್ ಬೆಡ್ ಚಪ್ಪಟೆಯಾಗುತ್ತದೆ ಅನ್ನುವುದನ್ನು ಮಾರುವವರು ಹೇಳುವುದಿಲ್ಲ.) ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಇಡಿ. ಚರ್ಮ ಕಿತ್ತಿದ್ದರೆ, ನೀರಾಡಿದ್ದರೆ ಮನೆಮದ್ದು ಬಿಟ್ಟು ಡಾಕ್ಟರಿಗೆ ತೋರಿಸಿ.

ಸೊಂಟದ ವಿಷಯ. ಭಾರದ ರೋಗಿಯನ್ನು ಎತ್ತಲೇಬಾರದು, ಜರುಗಿಸಬೇಕು. ಹಳೇ ಕಾಟನ್ ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ಬರುವಂತೆ ಅವರ ಕೆಳಗೆ ಹಾಸಿ. ಆಚೆ ಒಬ್ಬರು, ಈಚೆ ಒಬ್ಬರು ಆ ಶೀಟಿನ ಅಂಚನ್ನು ಸುರುಳಿ ಸುತ್ತಿ ಹಿಡಿದು, ಮಂಡಿ ಬಗ್ಗಿಸಿ, 'ಒಂದು ಎರಡು ಮೂರು' ಅಂತ ಒಟ್ಟಿಗೆ ಎಳೆದರೆ ಎಂಥ ಶರೀರವೂ ಸರಿಯುತ್ತದೆ. ಮಂಚ ತಗ್ಗಾಗಿದ್ದರೆ ನಾಲ್ಕೂ ಕಾಲಿಗೆ ಗಟ್ಟಿ ಮರದ ತುಂಡು ಕೊಟ್ಟು ನಿಮ್ಮ ಸೊಂಟದ ಮಟ್ಟಕ್ಕೆ ತನ್ನಿ, ಅಲುಗಾಡಬಾರದು ಅಷ್ಟೆ. ಬಿದ್ದುಹೋದ ಬಲಗೈಯನ್ನಾಗಲೀ ಕಂಕುಳನ್ನಾಗಲೀ ಹಿಡಿದು ಎಬ್ಬಿಸಬೇಡಿ, ಭುಜದ ಕೀಲು ಜಾರುತ್ತದೆ. ರವಿಕೆಯೋ ನೈಟಿಯೋ ತೊಡಿಸುವಾಗ ಬಿದ್ದ ಕೈ ಮೊದಲು, ತೆಗೆಯುವಾಗ ಗಟ್ಟಿ ಕೈ ಮೊದಲು. ಇಷ್ಟು ಗೊತ್ತಿದ್ದರೆ ಬಟ್ಟೆ ಬದಲಿಸುವಾಗಿನ ಕುಸ್ತಿ ಮುಗಿಯಿತು.

'ಆಚೆ ಒಬ್ಬರು' ಅಂದೆನಲ್ಲ, ಅದು ಯಾರು? ನಿಮ್ಮ ಪತ್ರವನ್ನು ಮತ್ತೆ ಓದಿದೆ. ಅತ್ತೆ ಇದ್ದಾರೆ, ನಾದಿನಿಯರಿದ್ದಾರೆ, ನಿಮ್ಮ ಯಜಮಾನರು ಎಲ್ಲೂ ಬರಲಿಲ್ಲ! ರಾತ್ರಿ ಹನ್ನೊಂದಕ್ಕೆ ಮತ್ತು ಬೆಳಗಿನ ಜಾವ ಮಗ್ಗುಲು ಬದಲಿಸುವುದು ಅವರ ಪಾಲಿಗೆ ಬರಲಿ. ತಾಯಿಯ ಡೈಪರ್ ಬದಲಿಸಲು ಇಬ್ಬರಿಗೂ ಸಂಕೋಚವಾದರೆ ಅದು ಬೇಡ, ಊಟ ಮಾಡಿಸಲು, ಬೆನ್ನು ಒರೆಸಲು, ಕೈಕಾಲಿನ ಎಕ್ಸರ್‌ಸೈಜ್ ಮಾಡಿಸಲು ಯಾವ ಸಂಕೋಚವೂ ಇಲ್ಲ.

ನಾದಿನಿಯರಿಗೆ ಉತ್ತರ ಕೊಡುತ್ತಾ ಕೂರಬೇಡಿ. ಮಂಚದ ತಲೆಗೆ ಒಂದು ನೋಟ್‌ಬುಕ್ ಕಟ್ಟಿ. ಎಷ್ಟು ಹೊತ್ತಿಗೆ ಯಾವ ಮಗ್ಗುಲು, ಬಿಪಿ ಮಾತ್ರೆ ಕೊಟ್ಟದ್ದು, ಏನು ತಿಂದರು, ಮಲ ಹೋಯಿತೇ, ಎಲ್ಲ ಬರೆಯಿರಿ. ಡಾಕ್ಟರಿಗೂ ಅದು ಬೇಕು. ಭಾನುವಾರ ನಾದಿನಿಯರು ಬಂದ ಕೂಡಲೇ ಕಾಫಿ ಕೊಟ್ಟು, ನೋಟ್‌ಬುಕ್ ಕೈಗಿಟ್ಟು, 'ಹತ್ತರಿಂದ ಐದರವರೆಗೆ ಅಮ್ಮ ನಿಮ್ಮ ಹತ್ರ ಇರ್ಲಿ, ನಾನು ತವರಿಗೆ ಹೋಗಿಬರ್ತೀನಿ' ಅನ್ನಿ. ನಾವು ವಾರ್ಡಿನಲ್ಲಿ ಡ್ಯೂಟಿ ಒಪ್ಪಿಸುತ್ತಿದ್ದದ್ದು ಹೀಗೇ. ಪುಸ್ತಕದಲ್ಲಿ ಸಹಿ ಬಿದ್ದ ಮೇಲೆ ಟೀಕೆ ತಾನಾಗಿ ಕಡಿಮೆಯಾಗುತ್ತದೆ.

ಅಪ್ಪ ಹೈಸ್ಕೂಲ್ ಹೆಡ್‌ಮಾಸ್ಟರಾಗಿದ್ದವರು. ಈಗ ಡಿಮೆನ್ಶಿಯಾ, ಮರೆವಿನ ಕಾಯಿಲೆ ಅಂದಿದ್ದಾರೆ. ಸಂಜೆ ಐದಾದರೆ ಸಾಕು, ಬ್ಯಾಗಿಗೆ ಟವೆಲ್ ತುಂಬಿಕೊಂಡು 'ಮನೆಗೆ ಹೋಗ್ಬೇಕು' ಅಂತ ಬಾಗಿಲಿಗೆ ಬರುತ್ತಾರೆ. ಇದೇ ನಿಮ್ಮ ಮನೆ, ನೀವೇ ಕಟ್ಟಿಸಿದ್ದು ಅಂದರೆ ರೇಗುತ್ತಾರೆ. ಕೆಲಸದವಳು ಪೆನ್ಶನ್ ದುಡ್ಡು ಕದ್ದಳು ಅಂತಾರೆ. ಸುಳ್ಳು ಹೇಳಿ ಸಮಾಧಾನ ಮಾಡಿದರೆ ತಪ್ಪೇ?
– ಮಗಳು, ಮೈಸೂರು

ತಪ್ಪಲ್ಲ. ವಾದ ಮಾಡಿದರೆ ಅವರೂ ಗೆಲ್ಲುವುದಿಲ್ಲ, ನೀವೂ ಗೆಲ್ಲುವುದಿಲ್ಲ. ಹೊತ್ತು ಮುಳುಗುವಾಗ ಗಲಿಬಿಲಿ ಹೆಚ್ಚಾಗುವುದು ಈ ಕಾಯಿಲೆಯಲ್ಲಿ ತೀರಾ ಸಾಮಾನ್ಯ. ಕತ್ತಲು ಕವಿಯುವ ಮುಂಚೆಯೇ ಎಲ್ಲ ದೀಪ ಹಾಕಿ, ಟಿವಿ ಆರಿಸಿ. 'ಹೋಗೋಣ ಅಪ್ಪ, ಕಾಫಿ ಕುಡಿದು ಹೊರಡೋಣ' ಅನ್ನಿ. ಕಾಫಿಯಾದ ಮೇಲೂ ಹಟ ಹಿಡಿದರೆ ಬ್ಯಾಗನ್ನು ನೀವೇ ಹಿಡಿದು, ಜೊತೆಯಲ್ಲಿ ಬೀದಿ ಸುತ್ತಿ ಅದೇ ಗೇಟಿಗೆ ಕರೆತನ್ನಿ. ಎಷ್ಟೋ ಸಲ 'ಹ್ಞಾಂ, ಬಂತು' ಅಂತ ಒಳಗೆ ಬರುತ್ತಾರೆ. ಹೆಡ್‌ಮಾಸ್ಟರರಲ್ಲವೇ, ಹಳೇ ಹಾಜರಿ ಪುಸ್ತಕವೋ ಉತ್ತರ ಪತ್ರಿಕೆಯ ಕಟ್ಟೋ ಒಂದು ಕೆಂಪು ಪೆನ್ನೋ ನಾಲ್ಕೂವರೆಗೇ ಮುಂದಿಡಿ. ಕೈಗೆ ಕೆಲಸವಿದ್ದರೆ ಕಾಲು ಬಾಗಿಲಿಗೆ ಹೋಗುವುದಿಲ್ಲ.

ದುಡ್ಡಿನ ಆರೋಪಕ್ಕೆ ಒಂದು ಪರ್ಸಿನಲ್ಲಿ ಹತ್ತರ, ಇಪ್ಪತ್ತರ ನೋಟು ಇಟ್ಟು ಅವರ ಕೈಗೇ ಕೊಡಿ. ಕಳೆದಾಗ ಕೊಡಲು ಅಂಥದ್ದೇ ಇನ್ನೊಂದು ಪರ್ಸ್ ಇರಲಿ. ಕೆಲಸದವಳಿಗೆ ಕಾಯಿಲೆಯ ವಿಷಯ ಮೊದಲೇ ಬಿಡಿಸಿ ಹೇಳಿ, ಪಾಪ, ಅವಳ ಮಾನದ ಪ್ರಶ್ನೆ. ಬಾಗಿಲಿಗೆ ಅವರ ಕಣ್ಣಿಗೆ ಬೀಳದಷ್ಟು ಮೇಲೆ ಇನ್ನೊಂದು ಚಿಲಕ ಹಾಕಿಸಿ, ಆದರೆ ಅವರನ್ನು ಒಳಗೆ ಕೂಡಿ ನೀವೆಲ್ಲ ಹೊರಗೆ ಹೋಗಬೇಡಿ. ಅಂಗಿಯ ಜೇಬಿನಲ್ಲಿ ಹೆಸರು, ನಿಮ್ಮ ನಂಬರ್ ಬರೆದ ಚೀಟಿ ಸದಾ ಇರಲಿ.

ನೆಂಟರು 'ಅರಳುಮರಳು, ವಯಸ್ಸಾಯ್ತಲ್ಲ' ಅನ್ನುತ್ತಾರೆ, ಅನ್ನಲಿ ಬಿಡಿ. ಆದರೆ ಒಂದೆರಡು ದಿನದಲ್ಲೇ ದಿಢೀರನೆ ಗಲಿಬಿಲಿ ಹೆಚ್ಚಾದರೆ, ಹಗಲೆಲ್ಲ ತೂಕಡಿಸಿ ರಾತ್ರಿಯೆಲ್ಲ ಕೂಗಿದರೆ ಅದನ್ನು ಡಿಮೆನ್ಶಿಯಾದ ಲೆಕ್ಕಕ್ಕೆ ಬರೆಯಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಹೊಸದಾಗಿ ಕೊಟ್ಟ ನೆಗಡಿಯ ಅಥವಾ ನಿದ್ದೆಯ ಮಾತ್ರೆ, ಇವುಗಳಲ್ಲಿ ಒಂದು ಕಾರಣವಾಗಿರಬಹುದು. ಅದೇ ದಿನ ಡಾಕ್ಟರಿಗೆ ತೋರಿಸಿ.

ಬ್ಯಾಂಕಿನ ಕೆಲಸವನ್ನು ಮುಂದೂಡಬೇಡಿ. 'ಪವರ್ ಆಫ್ ಅಟಾರ್ನಿ ಮಾಡಿಸಿದ್ದೇವೆ, ಸಾಕು' ಅಂತ ಬಹಳ ಜನ ಕೂತಿರುತ್ತಾರೆ. ನಮ್ಮ ಕಾನೂನಿನ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಮುಗಿಯುತ್ತದೆ. ಅಪ್ಪನಿಗೆ ಇನ್ನೂ ತಿಳಿದು ಸಹಿ ಹಾಕುವ ಶಕ್ತಿ ಇದ್ದರೆ ಅಮ್ಮನ ಜೊತೆ ಜಂಟಿ ಖಾತೆ, ನಾಮಿನಿ ಎಲ್ಲ ಈಗಲೇ ಸರಿಮಾಡಿ, ವಕೀಲರೊಬ್ಬರನ್ನೂ ಕೇಳಿ. ಬೆಂಗಳೂರಿಗೆ ಬರುವುದಾದರೆ ನಿಮ್ಹಾನ್ಸ್‌ನಲ್ಲಿ ಹಿರಿಯರಿಗಾಗಿಯೇ ಸೇವೆ ಇದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನವರು ಡಿಮೆನ್ಶಿಯಾ ಆರೈಕೆಯಲ್ಲೇ ಕೆಲಸ ಮಾಡುತ್ತಾರೆ. ಹಿರಿಯ ನಾಗರಿಕರ ಸಹಾಯವಾಣಿ 14567. ನಿಮಗೇ ತಲೆ ಕೆಟ್ಟುಹೋದಾಗ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಕಾಸು ಖರ್ಚಿಲ್ಲ.

ನನ್ನ ಹೆಂಡತಿಗೆ ಕ್ಯಾನ್ಸರ್. ಇನ್ನು ಚಿಕಿತ್ಸೆ ಇಲ್ಲ, ಮನೆಗೆ ಕರಕೊಂಡು ಹೋಗಿ ಎಂದು ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಅದು ಚಟವಾಗುತ್ತೆ ಅಂತ ಮಗ ಹೆದರಿಸುತ್ತಾನೆ. ನೋವು ತಡೆಯಲಾಗದಾಗ ಮಾತ್ರ ಒಂದು ಕೊಡುತ್ತಿದ್ದೇನೆ.
– ನಿವೃತ್ತ ನೌಕರ, ದಾವಣಗೆರೆ

ಸ್ವಾಮಿ, ಇವತ್ತೇ ಆ ಪದ್ಧತಿ ನಿಲ್ಲಿಸಿ. ನೋವು ಬರಲಿ ಅಂತ ಕಾಯಬಾರದು. ಗಡಿಯಾರ ನೋಡಿ, ಡಾಕ್ಟರು ಬರೆದ ಹೊತ್ತಿಗೆ ಸರಿಯಾಗಿ ಕೊಡಬೇಕು. ಸಾದಾ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ, ಅದಕ್ಕೇ ಅಷ್ಟು ಹೊತ್ತಿಗೊಮ್ಮೆ ಬರೆಯುವುದು. ಕ್ಯಾನ್ಸರ್ ನೋವಿಗೆ ಡಾಕ್ಟರ ಲೆಕ್ಕದಂತೆ ಕೊಟ್ಟರೆ ಚಟದ ಭಯ ಬೇಡ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರಬಹುದು, ಇಳಿಯುತ್ತದೆ. ಇಳಿಯದೇ ಉಳಿಯುವುದು ಮಲಬದ್ಧತೆ, ಆದ್ದರಿಂದ ಮಲ ಸಲೀಸಾಗಿ ಹೋಗುವ ಔಷಧಿಯನ್ನು ಮೊದಲ ದಿನದಿಂದಲೇ ಬರೆಸಿಕೊಳ್ಳಿ. ಎಬ್ಬಿಸಿದರೂ ಏಳದಷ್ಟು ಮಂಪರಾದರೆ, ಉಸಿರು ತೀರಾ ನಿಧಾನವಾದರೆ ತಕ್ಷಣ ಫೋನ್ ಮಾಡಬೇಕು. 2014ರಲ್ಲಿ ಕಾನೂನು ತಿದ್ದಿದ ಮೇಲೆ ಮಾರ್ಫಿನ್ ಸಿಗುವುದು ಮುಂಚಿಗಿಂತ ಸಲೀಸಾಯಿತು, ಆದರೂ ಮೂಲೆ ಮೂಲೆಯ ಮೆಡಿಕಲ್ ಸ್ಟೋರಿನಲ್ಲಿ ಸಿಗುವುದಿಲ್ಲ. ಮಾತ್ರೆ ಮುಗಿಯುವ ವಾರದ ಮುಂಚೆಯೇ ಕೊಟ್ಟ ಆಸ್ಪತ್ರೆಗೆ ಯಾರನ್ನಾದರೂ ಕಳಿಸಿ. ಹೋಗಿಬರುವ ಆ ಕೆಲಸ ಮಗನದಾಗಲಿ. ಅಲ್ಲಿ ಡಾಕ್ಟರ ಬಾಯಿಂದಲೇ ಕೇಳಿದರೆ ಅವನ ಭಯವೂ ಹೋಗುತ್ತದೆ.

ಊಟಕ್ಕೆ ಬಲವಂತ ಬೇಡ. ಕೇಳಿದಾಗ ಎರಡು ಚಮಚ ಗಂಜಿ ಸಾಕು. ಬಾಯಿ ಒಣಗಿದರೆ ತೆಳು ಬಟ್ಟೆಯನ್ನು ನೀರಿಗದ್ದಿ ತುಟಿ, ನಾಲಿಗೆ ಒರೆಸಿ. ಕಾಯಿಲೆಯ ವಿಷಯ ಅವರಿಗೆ ಹೇಳಿಲ್ಲ ಎಂದೂ ಬರೆದಿದ್ದೀರಿ. ನನ್ನ ಅನುಭವದಲ್ಲಿ ರೋಗಿಗೆ ಗೊತ್ತಿರುತ್ತದೆ, ಮನೆಯವರು ನೊಂದುಕೊಳ್ಳುತ್ತಾರೆ ಅಂತ ಸುಮ್ಮನಿರುತ್ತಾರೆ. 'ಏನಾದ್ರೂ ಕೇಳ್ಬೇಕಾ?' ಅಂತ ಒಮ್ಮೆ ಕೇಳಿ ನೋಡಿ. ಮನೆಯಲ್ಲಿ ನಿಭಾಯಿಸಲು ಆಗದ ದಿನ ಬಂದರೆ ಬೆಂಗಳೂರಿನ ಮಾರತಹಳ್ಳಿಯ ಕರುಣಾಶ್ರಯವಿದೆ. 1999ರಿಂದ ಇಂಥ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದ್ದಾರೆ.

ನಾನು ಅಮೆರಿಕದಲ್ಲಿದ್ದೇನೆ. ಹಾಸನದಲ್ಲಿ ಅಮ್ಮನನ್ನು ತಮ್ಮ, ತಮ್ಮನ ಹೆಂಡತಿ ನೋಡಿಕೊಳ್ಳುತ್ತಾರೆ. ತಿಂಗಳು ತಿಂಗಳು ದುಡ್ಡು ಕಳಿಸುತ್ತೇನೆ. ಆದರೂ ತಮ್ಮ ಮುಖ ಕೊಟ್ಟು ಮಾತಾಡುವುದಿಲ್ಲ.
– ಡಾಲಸ್

ವಿಡಿಯೋ ಕಾಲಿನಲ್ಲಿ 'ಅಮ್ಮ ಯಾಕೆ ಸೊರಗಿದ್ದಾಳೆ?' ಅಂತ ಕೇಳಿದ್ದೀರಾ? ಕೇಳಿದ್ದರೆ ಉತ್ತರ ಅಲ್ಲೇ ಇದೆ. ದುಡ್ಡು ಬೇಕು, ನಿಜ. ಅದರ ಜೊತೆ ದೂರದಿಂದ ಆಗುವ ಕೆಲಸವನ್ನೂ ಹೊತ್ತುಕೊಳ್ಳಿ. ಡೈಪರ್, ಮಾತ್ರೆ ಆನ್‌ಲೈನಿನಲ್ಲಿ ತರಿಸುವುದು, ಇನ್ಶೂರೆನ್ಸಿನ ಕಾಗದ, ಡಾಕ್ಟರ ಅಪಾಯಿಂಟ್‌ಮೆಂಟ್, ಹೋಂ ನರ್ಸ್ ಏಜೆನ್ಸಿಯ ಜೊತೆ ಜಗಳ, ಎಲ್ಲ ನಿಮ್ಮದು. (ಹೋಂ ನರ್ಸ್ ಎಂದು ಬರುವವರೆಲ್ಲ ನರ್ಸಿಂಗ್ ಓದಿದವರಲ್ಲ. ಏನೇನು ಬರುತ್ತದೆ ಎಂದು ಕೇಳಿ ಗೊತ್ತು ಮಾಡಿ, ಅವರಿಗೂ ಊಟ, ನಿದ್ದೆಯ ಹೊತ್ತು ಗೊತ್ತುಮಾಡಿ.) ಮುಂದಿನ ಸಲ ರಜೆಗೆ ಬಂದಾಗ ಮದುವೆ ಮುಂಜಿ ಅಂತ ಸುತ್ತುವುದು ಬಿಟ್ಟು, ತಮ್ಮನ ಸಂಸಾರಕ್ಕೆ ಧರ್ಮಸ್ಥಳಕ್ಕೋ ಗೋಕರ್ಣಕ್ಕೋ ಟಿಕೆಟ್ ಮಾಡಿಸಿ ಕಳಿಸಿ, ಅಮ್ಮನ ಕೋಣೆಯಲ್ಲಿ ನೀವು ಮಲಗಿ. ತಮ್ಮನ ಹೆಂಡತಿಗೆ ಪ್ರತ್ಯೇಕವಾಗಿ ಫೋನ್ ಮಾಡಿದ್ದೀರಾ ಎಂಬುದನ್ನೂ ಬರೆದಿಲ್ಲ.

ನಮ್ಮ ಅಪ್ಪಗ ಮೂಗಿನಾಗ ಪೈಪ್ ಹಾಕ್ಯಾರ್ರಿ. ಮಲಗಿಸಿಕೊಂಡೇ ಗಂಜಿ ಬಿಡ್ತೀವಿ. ಒಮ್ಮೊಮ್ಮೆ ಭಾಳ ಕೆಮ್ಮತಾರ. ಹಿಂಗ್ ಮಾಡಬಹುದೇನ್ರಿ?
– ಗದಗ

ಬ್ಯಾಡ್ರಿ. ಮಲಗಿಸಿ ಬಿಟ್ಟರೆ ಗಂಜಿ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಬೆನ್ನಿಗೆ ದಿಂಬು ಕೊಟ್ಟು ಅರ್ಧ ಕೂತಂತೆ ಮಾಡಿ, ಕೊಟ್ಟ ಮೇಲೂ ಮುಕ್ಕಾಲು ಗಂಟೆ, ಒಂದು ಗಂಟೆ ಹಾಗೇ ಇರಲಿ. ಮೂಗಿನ ಹತ್ತಿರ ಪೈಪಿನ ಮೇಲೆ ಆಸ್ಪತ್ರೆಯವರು ಮಾಡಿದ ಗುರುತು ಜರುಗಿದೆಯೇ ಎಂದು ಪ್ರತಿ ಸಲ ನೋಡಿ, ಜರುಗಿದ್ದರೆ ಏನೂ ಬಿಡಬೇಡಿ. ಗಂಜಿಯನ್ನು ಸೋಸಿ, ಉಗುರುಬೆಚ್ಚಗಿರುವಾಗ ನಿಧಾನಕ್ಕೆ ಬಿಡಿ, ಕೊನೆಗೆ ಸ್ವಲ್ಪ ನೀರು ಬಿಟ್ಟು ಪೈಪ್ ತೊಳೆಯಿರಿ. ಎಲ್ಲ ಮಾತ್ರೆಯನ್ನೂ ಪುಡಿ ಮಾಡಬಾರದು, ಯಾವುದನ್ನು ಮಾಡಬಹುದೆಂದು ಕೇಳಿಕೊಳ್ಳಿ. ಕೊಡುವಾಗ ಕೆಮ್ಮು ಶುರುವಾದರೆ ಅಲ್ಲಿಗೇ ನಿಲ್ಲಿಸಿ. ಉಸಿರಾಟ ಜೋರಾದರೆ, ಜ್ವರ ಬಂದರೆ ಆಸ್ಪತ್ರೆಗೆ ಹೊರಡಿ. ಪೈಪ್ ಹೊರಗೆ ಬಂದರೆ ಮನೆಯಲ್ಲಿ ತುರುಕಬ್ಯಾಡ್ರಿ, ಆಸ್ಪತ್ರೆಯಲ್ಲೇ ಹಾಕಿಸಿ.