ಅಜ್ಜನ ಡ್ರಾಯರ್ ಪೆಟ್ಟಿಗೆಯ ಪದರ ಎದ್ದಿದೆ, ಏನು ಮಾಡಲಿ?

ಪ್ರಶ್ನೆ: ಎಸ್ಟೇಟ್ ಬಂಗಲೆಯೊಂದರ ಸಾಮಾನು ಮಾರುವಾಗ ನಮ್ಮಜ್ಜ ತಂದ ನಾಲ್ಕು ಡ್ರಾಯರಿನ ಪೆಟ್ಟಿಗೆ ಮನೆಯಲ್ಲಿದೆ. ಇಟಲಿಯದು, ವಾಲ್ನಟ್ ಮರದ್ದು ಅನ್ನುತ್ತಿದ್ದರು. ಈ ಮಳೆಗಾಲದಲ್ಲಿ ಮೇಲಿನ ಪದರ ಅಲ್ಲಲ್ಲಿ ಉಬ್ಬಿದೆ, ಒಳಗೆ ನೋಡಿದರೆ ಬಿಳಿಚಿದ ಮರ. ಆಚಾರ್ರು ಪದರ ಕಿತ್ತು ಸನ್‌ಮೈಕಾ ಹೊಡೆಯೋಣ ಅನ್ನುತ್ತಾರೆ. ಅಜ್ಜ ಮೋಸ ಹೋದರಾ?
- ಓದುಗರು, ಮೂಡಿಗೆರೆ

ಉತ್ತರ: ಮೊದಲು ಆಚಾರ್ರನ್ನು ತಡೆಯಿರಿ. ದಯವಿಟ್ಟು. ಒಳಗೆ ಬಿಳಿ ಮರ ಇದೆ ಅಂದ ಮಾತ್ರಕ್ಕೆ ಅಜ್ಜ ಮೋಸ ಹೋದರು ಅಂತಲ್ಲ. ಬೀಟೆ, ತೇಗವನ್ನೇ ಕೊಯ್ದು ಇಡೀ ಬೀರು ಮಾಡುವುದನ್ನು ನೋಡಿ ಬೆಳೆದ ನಮಗೆ ಹಾಗನ್ನಿಸುತ್ತೆ, ಆದರೆ 18ನೇ ಶತಮಾನದ ಇಟಲಿಯಲ್ಲಿ ಪೋಪ್ಲರ್, ಫರ್‌ನಂಥ ಹಗುರ ಮರದಲ್ಲಿ ಪೆಟ್ಟಿಗೆ ಕಟ್ಟಿ, ಅದರ ಮೇಲೆ ವಾಲ್ನಟ್, ಅಂದರೆ ಅಕ್ರೋಟು ಮರದ ತೆಳು ಹಾಳೆ ಅಂಟಿಸುವುದು ಒಳ್ಳೆಯ ಕೆಲಸಗಾರರ ರೂಢಿಯೇ ಆಗಿತ್ತು. ಒಂದೇ ತುಂಡಿನಿಂದ ಕೊಯ್ದ ಎರಡು ಹಾಳೆಗಳನ್ನು ಪುಸ್ತಕ ಬಿಡಿಸಿದ ಹಾಗೆ ಪಕ್ಕಪಕ್ಕ ಕೂರಿಸುತ್ತಿದ್ದರು. ನಿಮ್ಮದರಲ್ಲೂ ಎಡಬಲದ ಗೆರೆಗಳು ಕನ್ನಡಿಯಲ್ಲಿ ಕಂಡಂತೆ ಇವೆಯಾ, ನೋಡಿ.

ಎದ್ದಿರುವ ಅಂಚಿನಲ್ಲಿ ದಪ್ಪವನ್ನೂ ನೋಡಿ. ಕೈಗರಗಸದಲ್ಲಿ ಕೊಯ್ದ ಹಳೆಯ ಹಾಳೆ 1.5ರಿಂದ 3 ಮಿಲಿಮೀಟರ್ ಇರುತ್ತೆ, ಈಗಿನ ಮೆಷಿನ್ನಿನದು ಸಾಮಾನ್ಯವಾಗಿ 1 ಮಿಲಿಮೀಟರಿಗಿಂತ ತೆಳು. ದಪ್ಪ ಇದ್ದರೆ ಹಳೆಯದಿರುವ ಸಾಧ್ಯತೆ ಜಾಸ್ತಿ. ಇಟಲಿಯದೇ ಅಂತ ಅಷ್ಟರಿಂದ ಹೇಳಲಾಗದು, ಡ್ರಾಯರಿನ ಜೋಡಣೆ, ತಳದ ಹಲಗೆ ಎಲ್ಲ ತಿಳಿದವರು ಎದುರಿಗೇ ನೋಡಬೇಕು.

ಇನ್ನು ಉಬ್ಬಿದ್ದಕ್ಕೆ ಕಾರಣ ನಿಮ್ಮೂರಿನ ಮಳೆಯೇ. ಹಿಂದೆ ಬಳಸುತ್ತಿದ್ದದ್ದು ಪ್ರಾಣಿಗಳ ಚರ್ಮ ಕುದಿಸಿ ಮಾಡಿದ ಅಂಟು. ತಿಂಗಳುಗಟ್ಟಲೆ ಥಂಡಿ ಹಿಡಿದರೆ ಅದು ಮೆತ್ತಗಾಗುತ್ತೆ, ಮರವೂ ಹಿಗ್ಗುತ್ತೆ, ಹಾಳೆ ಬಿಡುತ್ತೆ. ಬಿಸಿ ಮತ್ತು ತೇವಕ್ಕೆ ಕರಗುವ ಅಂಟು ಆದ್ದರಿಂದಲೇ ಮತ್ತೆ ಕೂರಿಸುವುದೂ ಸಾಧ್ಯ. ಅದರ ಮೇಲೆ ಫೆವಿಕಾಲ್ ಸುರಿದರೆ ಮುಂದೆ ರಿಪೇರಿ ಮಾಡುವವರಿಗೆ ಬಿಡಿಸುವುದೇ ಕಷ್ಟ. ಮರಳು ಕಾಗದವೂ ಬೇಡ, ಹಾಳೆ ಸವೆದು ಬಿಳಿ ಮರ ಕಂಡರೆ ಆಮೇಲೆ ಏನೂ ಮಾಡಲಾಗದು.

ಈಗ ಮಾಡಬೇಕಾದ್ದು ಇಷ್ಟು. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಡಿ, ಕಾಲಡಿ ಮರದ ತುಂಡು ಕೊಡಿ. ಬೇಗ ಒಣಗಲಿ ಅಂತ ಒಲೆಯ ಹತ್ತಿರವೋ ಬಿಸಿಲಿಗೋ ಇಟ್ಟೀರಿ, ಬಿರುಕು ಬಿಡುತ್ತೆ. ಉದುರಿದ ಚೂರುಗಳನ್ನು, ಉಗುರಿನಷ್ಟು ಇದ್ದರೂ ಸರಿ, ಕವರಿನಲ್ಲಿ ಹಾಕಿಡಿ. ಸಣ್ಣ ತೂತುಗಳ ಕೆಳಗೆ ಹೊಸ ಪುಡಿ ಬೀಳುತ್ತಿದ್ದರೆ ಹುಳು ಬದುಕಿದೆ ಅಂತ, ಅದಕ್ಕೆ ಮೊದಲು ಔಷಧಿ ಆಗಬೇಕು. ಅಂಟಿಸುವ ಕೆಲಸ ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ, ಹಳೆ ಅಂಟು ಗೊತ್ತಿರುವವರ ಕೈಯಲ್ಲೇ ಆಗಲಿ.